ಮುನ್ನೂರು ಲಿಲ್ಲಿ

ಒಂದು ಬೀದಿ ಇತ್ತಂತೆ. ಬೀದಿಯ ಈ ಕಡೆ ಹೂವಿಗೆ ಹೊತ್ತು ಹೇಳಿಕೊಡುವ ಹುಡುಗಿ, ಆ ಕಡೆ ಹೊತ್ತಿಗೇ ಕಿವಿ ಹಿಂಡುವ ಹುಡುಗ. ನಡುವೆ ಹನ್ನೆರಡೇ ಹೆಜ್ಜೆ. ಆ ಹನ್ನೆರಡು ಹೆಜ್ಜೆ ನಡೆಯಲು ಹುಡುಗನಿಗೆ ಆರು ವರ್ಷ ಬೇಕಾಯಿತಂತೆ.

ಕೊನೆಗೂ ನಡೆದು ಬಂದದ್ದು, ತನ್ನ ಮದುವೆಗೆ ಹೂವು ಆರಿಸಲು.

"ಗಡಿಯಾರದೋನು ಬರ್ತಾನೆ ಕಣೇ," ಎಂದು ಚಿಕ್ಕಮ್ಮ ಬೆಳಿಗ್ಗೆಯೇ ಹೇಳಿದ್ದಳು. ಹೂವಿನಂಗಡಿ ಚಿಕ್ಕಮ್ಮನದು, ತಾಯಿಯಿಲ್ಲದ ಹೂವಿನವಳನ್ನು ಸಾಕಿದವಳೂ ಅವಳೇ. "ಮದುವೆ ಅಂತೆ. ಹುಡುಗಿ ಯಾರು ಅಂತ ನನ್ನ ಕೇಳ್ಬೇಡ. ನಿಂಗೂ ಬಾಯಿದೆಯಲ್ಲ, ಅವನನ್ನೇ ಕೇಳು."

ಹೂವಿನವಳು ಮೂರು ಸಲ ಮುಖ ತೊಳೆದಳು. ಆರು ವರ್ಷದಿಂದ ಅವನು ಎದುರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆಯೆತ್ತಿ ಈ ಕಡೆ ನೋಡುತ್ತಿದ್ದ. ಅಷ್ಟು ದೊಡ್ಡದು ಮಾಡಿಕೊಂಡು ನೋಡುವುದಕ್ಕೆ ತನ್ನಲ್ಲೇನಿದೆ ಎಂದು ಅವಳು ಎಷ್ಟು ಹಗಲು ಯೋಚಿಸಿದ್ದಳೋ.

ಅವನು ಬಂದ. ಬಂದವನೇ ಮೇಜಿನ ಮೇಲಿದ್ದ ಬಿಳಿ ಲಿಲ್ಲಿಯನ್ನು ಮೂಸಲು ಬಗ್ಗಿದ. ತೋಳಿಗೆ ಇಟ್ಟಿಗೆ ಬಣ್ಣದ ಪುಡಿ ಮೆತ್ತಿತು.

"ಅಯ್ಯೋ, ಉಜ್ಜಬೇಡಿ! ಕೈ ತೆಗೀರಿ!" ಅವಳು ಅಂಟುಪಟ್ಟಿ ಹರಿದುಕೊಂಡು ಓಡಿಬಂದಳು. "ನೋಡಿ, ಹೂವಿನ ಮಧ್ಯದಲ್ಲಿ ಆರು ಕೇಸರ ಇರ್ತಾವಲ್ಲ, ಅದರ ಪುಡಿ ಇದು. ಹಿಂಗೆ ಪಟ್ಟಿ ಒತ್ತಿ ಎತ್ತಿದ್ರೆ ಬಂದ್ಬಿಡತ್ತೆ. ನೀರು ಮಾತ್ರ ತಾಗಿಸ್ಬಾರ್ದು. ನೀರು ಬಿತ್ತು ಅಂದ್ರೆ ಮುಗೀತು, ಬಣ್ಣ ಹಾಕಿದ ಹಾಗೆ ನೂಲಿನೊಳಗೆ ಕೂತ್ಬಿಡತ್ತೆ. ಆಮೇಲೆ ಬಟ್ಟೆ ಹರಿದ್ರೂ ಕಲೆ ಹೋಗಲ್ಲ."

ಅವನ ಕಣ್ಣು ತೋಳಿನ ಮೇಲಿರಲಿಲ್ಲ, ಅವಳ ತುಟಿಯ ಮೇಲಿತ್ತು.

"ಕೇಳಿಸ್ಕೊಳ್ತಿದ್ದೀರಾ ಇಲ್ವಾ, ಗಡಿಯಾರದೋರೇ?"

"ಹೂಂ. ನೀನು ಹೇಳ್ತಾ ಇರು, ಮೊಗ್ಗು. ನಾನು ಕೇಳ್ತಾನೇ ಇದೀನಿ."

ಮೊಗ್ಗು ಎಂದ! ಬಕೆಟ್ಟಿನಲ್ಲಿದ್ದ ಗುಲಾಬಿಗಳೆಲ್ಲ ತನ್ನ ಮುಖವನ್ನೇ ನೋಡಿದಂತೆನಿಸಿ ಅವಳು ತಿರುಗಿ ನಿಂತಳು. "ಹುಡುಗಿ ಬರ್ಲಿಲ್ವಾ? ಹೂವು ಆರಿಸೋಳು ಅವಳಲ್ವಾ?"

"ಮೊದಲು ಹೂವು, ಆಮೇಲೆ ಹುಡುಗಿ. ನಿಂಗೆ ಯಾವುದು ಇಷ್ಟ ಹೇಳು."

"ನನ್ನಿಷ್ಟ ಕಟ್ಕೊಂಡು ಏನ್ಮಾಡ್ತೀರಿ?"

"ಅದೇ ಹಾಕೋದು."

ಅವಳಿಗಿಷ್ಟವಾದದ್ದು ಬಿಳಿ ಲಿಲ್ಲಿ. ಮುನ್ನೂರು. ಅಷ್ಟೂ ಒಂದೇ ಬೆಳಿಗ್ಗೆ ಅರಳಬೇಕು. ಅದೇನು ಸುಲಭದ ಕೆಲಸವಲ್ಲ. ಮೊಗ್ಗುಗಳನ್ನು ತಣ್ಣನೆ ಕೋಣೆಯಲ್ಲಿ ಮಲಗಿಸಬೇಕು, ಲೆಕ್ಕ ಹಾಕಿ ಬೆಚ್ಚನೆ ನೀರಿಗಿಟ್ಟು ಎಬ್ಬಿಸಬೇಕು, ಸೋಮಾರಿಗಳಿಗೆ ಬೆಳಕು ತೋರಿಸಬೇಕು, ಆತುರಗಾರರನ್ನು ಕತ್ತಲಿಗೆ ತಳ್ಳಬೇಕು. ಬಾಯಿ ತೆರೆದ ಪ್ರತಿ ಹೂವಿನ ಆರೂ ಕೇಸರಗಳನ್ನು ಪುಡಿ ಉದುರುವ ಮೊದಲೇ ಬೆರಳಿನಿಂದ ಚಿವುಟಿ ತೆಗೆಯಬೇಕು. ಬೇರೆಯವರ ಮದುವೆಗೆ ಅವಳು ಇಷ್ಟೊಂದು ಒಪ್ಪುತ್ತಲೇ ಇರಲಿಲ್ಲ.

ಎರಡನೇ ಸಲ ಅವನು ಬಂದಾಗ ಇಬ್ಬರೂ ಮದುವೆಯ ಹಾಲ್‌ಗೆ ಹೋದರು. ಕಮಾನಿನ ಎತ್ತರ, ದೀಪದ ಬಣ್ಣ, ರಿಬ್ಬನ್ನಿನ ಅಗಲ, ಎಲ್ಲ ಅವಳೇ ಹೇಳಿದಳು. ಅವನು ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು, ಬೇಕೆಂದೇ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದ. ಅವಳು ಒಂದೊಂದು ಹೆಜ್ಜೆ ಹತ್ತಿರ ಬರಬೇಕಾಗುತ್ತಿತ್ತು.

"ಕೂತ್ಕೋ," ಎಂದ, ಮದುಮಗಳ ಕುರ್ಚಿ ತೋರಿಸಿ.

"ಛೀ, ನಾನ್ಯಾಕೆ?"

"ಬೆಳಕು ಮುಖಕ್ಕೆ ಹೆಂಗೆ ಬೀಳತ್ತೆ ನೋಡ್ಬೇಕಲ್ಲ."

ಅವಳು ಕೂತಳು. ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಖಾಲಿ ಹಾಲ್‌ನಲ್ಲಿ ಇನ್ನೂರು ಮಡಿಸಿಟ್ಟ ಕುರ್ಚಿಗಳು ಬಾಯಿ ಮುಚ್ಚಿಕೊಂಡು ನೋಡಿದವು.

"ಚೆನ್ನಾಗಿ ಬೀಳತ್ತೆ," ಎಂದ ಅವನು, ಮೆಲ್ಲಗೆ.

ಅಂದಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಮೊಗ್ಗುಗಳ ಮುಂದೆ ಕೂರುತ್ತಿದ್ದಳು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಒಂದು ದಿನ ಮಾತ್ರ ಅವಳ ತಲೆ ಸವರಿ, "ನಿನ್ನ ಕೈಗುಣ ಈ ಸಲ ಬೇರೇನೇ ಇದೆ," ಎಂದಳು.

ಅಜ್ಜಿಕಥೆಯಲ್ಲಿ ಮೂರನೇ ಸಲ ಬಾಗಿಲು ತಟ್ಟಿದಾಗ ಒಂದೋ ರಾಜಕುಮಾರ ಬರುತ್ತಾನೆ, ಇಲ್ಲವೇ ರಾಕ್ಷಸ. ಇಲ್ಲಿ ಬಂದದ್ದು ತಂಗಿ. ಚಿಕ್ಕಮ್ಮನ ಒಬ್ಬಳೇ ಮಗಳು, ದೂರದ ಊರಿನಲ್ಲಿ ಟೀಚರ್. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಗಡಿಯಾರದವನ ತೋಳು.

"ಅಕ್ಕಾ! ಸರ್‌ಪ್ರೈಸ್! ಗೊತ್ತಾಗ್ಲೇ ಇಲ್ಲ ತಾನೇ? ಹೇಳ್ಬೇಡ ಅಂತ ಅಮ್ಮ ಆಣೆ ಹಾಕಿಸಿದ್ಳು. ಇವರೂ ಬಾಯಿ ಬಿಟ್ಟಿಲ್ಲ ಅಂದ್ರೆ ಪರವಾಗಿಲ್ವೇ!" ತಂಗಿ ಅವಳ ಕೊರಳಿಗೆ ಜೋತುಬಿದ್ದಳು. "ಅಕ್ಕ ಆರಿಸಿದ್ದೇ ನಂಗೂ ಬೇಕು ಅಂದಿದ್ದೆ. ಲಿಲ್ಲಿ ಅಂತೆ! ಆದ್ರೆ ನನ್ನ ಡ್ರೆಸ್ಸು ಹಾಲಿನ ಹಾಗೆ ಬಿಳಿ ಅಕ್ಕಾ. ಅದರ ಮೇಲೆ ಒಂದು ಚುಕ್ಕೆ ಬೀಳಬಾರ್ದು. ಮಾತು ಕೊಡು."

ತಂಗಿಯ ಭುಜದ ಮೇಲಿನಿಂದ ಅವಳು ಅವನನ್ನು ನೋಡಿದಳು. ಅವನು ಮುಗುಳ್ನಗುತ್ತಿದ್ದ, ಒಳ್ಳೆಯ ಆಟ ಮುಗಿದ ಹುಡುಗನ ಹಾಗೆ.

"ಕೊಟ್ಟೆ," ಎಂದಳು. "ಒಂದು ಕಣವೂ ಬೀಳಲ್ಲ."

ಅವರು ಆಚೆ ಹೋದ ಮೇಲೆ ಚಿಕ್ಕಮ್ಮನನ್ನು ಕೇಳಿದಳು. "ನಾನೇನು ಅಂದ್ಕೊಂಡಿದ್ದೆ ಅಂತ ನಿಂಗೆ ಗೊತ್ತಿತ್ತಾ?"

ಚಿಕ್ಕಮ್ಮ ರಿಬ್ಬನ್ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು. ನಾನೇನು ಕುರುಡಿಯಾ?"

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಿಂಗೆ ಮಾಡ್ತಿದ್ಯಾ ಕೆಲಸಾನ? ಇರೋಳು ಒಬ್ಬಳು ಮಗಳು. ಅವಳ ಮದುವೆಗೆ ಹೂವು ಅಂದ್ರೆ ಹೂವಿನ ಹಾಗಿರ್ಬೇಕು. ಆಸೆ ಇಟ್ಕೊಂಡು ಮಾಡೋ ಕೈಯೇ ಬೇರೆ, ಮುಖ ಊದಿಸ್ಕೊಂಡು ಮಾಡೋ ಕೈಯೇ ಬೇರೆ." ಕತ್ತರಿ ಕಚಕ್ಕೆಂದಿತು. "ಅಳೋದಿದ್ರೆ ಒಳಗೆ ಅಳು. ಕಣ್ಣೀರು ಬಿದ್ರೆ ಎಸಳಿಗೆ ಮಚ್ಚೆ ಬೀಳತ್ತೆ."

ಕೆಲಸ ಬಿಟ್ಟು ಎದ್ದು ಹೋಗಬಹುದಿತ್ತು. ಮೊಗ್ಗುಗಳನ್ನು ಒಂದು ದಿನ ಬಿಸಿಲಿಗಿಟ್ಟರೆ ಸಾಕಿತ್ತು, ಮುನ್ನೂರೂ ಮದುವೆಗೆ ಮೊದಲೇ ಮುದುಕಿಯರಾಗುತ್ತಿದ್ದವು. ಆದರೆ ಮಾತು ಕೊಟ್ಟದ್ದು ತಂಗಿಗೆ. ಚಿಕ್ಕವಳಿದ್ದಾಗ ತಂಗಿ ತನ್ನ ಪಾಲಿನ ಸಿಹಿಯನ್ನು ಅರ್ಧ ಕಚ್ಚಿ ಅಕ್ಕನಿಗೆ ಕೊಡುತ್ತಿದ್ದಳು; ಆ ಮನೆಯಲ್ಲಿ ಹಾಗೆ ಕೊಟ್ಟವಳು ಅವಳೊಬ್ಬಳೇ. ಅವಳು ತಣ್ಣನೆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದೊಂದೇ ಮೊಗ್ಗಿನ ಗಲ್ಲ ಮುಟ್ಟಿ ಎಬ್ಬಿಸತೊಡಗಿದಳು.

ಮದುವೆಯ ಬೆಳಿಗ್ಗೆ ಕಮಾನು ಬೆಳ್ಳಗೆ ಅರಳಿ ನಿಂತಿತ್ತು. ಅವಳು ಏಣಿಯಿಂದ ಇಳಿದಳು. ಕೇಸರ ಚಿವುಟಿ ಚಿವುಟಿ ಬೆರಳೆಲ್ಲ ಇಟ್ಟಿಗೆ ಬಣ್ಣ. ಇನ್ನೂರ ತೊಂಬತ್ತೊಂಬತ್ತು ಮುಗಿದಿತ್ತು. ಮದುಮಗಳ ಕುರ್ಚಿಯ ನೆತ್ತಿಯ ಮೇಲಿದ್ದ ಒಂದು ಮಾತ್ರ ಆಗ ತಾನೇ ತುಟಿ ಬಿಚ್ಚುತ್ತಿತ್ತು.

"ಕೋಪಾನಾ?"

ಅವನು. ತಂಗಿಯ ಉಡುಪಿಗೆ ಹೊಂದಲೆಂದು ಅಡಿಯಿಂದ ಮುಡಿಯವರೆಗೆ ಬಿಳಿ ಸೂಟು. ಸುತ್ತ ಯಾರೂ ಇರಲಿಲ್ಲ.

"ಹೋಗಿ. ಜನ ಬರೋ ಹೊತ್ತು."

"ನಿಜ ಹೇಳ್ಲಾ, ಮೊಗ್ಗು?" ಅವನು ಹತ್ತಿರ ಬಂದ. "ಪ್ರೀತಿ ಅಂತ ಇದ್ರೆ ನಿನ್ನ ಮೇಲೇ. ಆರು ವರ್ಷದಿಂದ."

ಆರು ವರ್ಷ ಅವಳು ಕಿವಿಯೊಳಗೆ ತಾನೇ ಹೇಳಿಕೊಂಡು ಮಲಗಿದ್ದ ಮಾತು. ಬಂದೇ ಬಂತು.

"ಮತ್ತೆ?"

"ಮತ್ತೇನು? ನಿನ್ನನ್ನ ನೋಡ್ತಾ ಕೂತ್ಕೊಳ್ಳೋಕೆ ಚೆನ್ನಾಗಿರತ್ತೆ. ಮದುವೆ, ಮನೆ ಅಂದ್ರೆ ಅವಳೇ ಸರಿ. ನಾಲ್ಕು ಜನರ ಮುಂದೆ ನಿಂತ್ಕೊಳ್ಳೋಕೆ ಬರತ್ತೆ. ನೀನಾದ್ರೆ ಬಕೆಟ್ ಹಿಂದೆ ಅವಿತ್ಕೊಳ್ಳೋಳು." ನಕ್ಕ. "ನಾನೇನು ಎಲ್ಲಿಗೂ ಹೋಗಲ್ವಲ್ಲ, ಎದುರಿಗೇ ಇರ್ತೀನಿ. ದಿನಾ ಬರ್ತೀನಿ. ನೀನು ಮಾತಾಡು, ನಾನು ಕೇಳ್ತಾ ಇರ್ತೀನಿ."

ಹೀಗೆಂದು ಅವಳ ಎರಡೂ ಕೈಗಳನ್ನು ಹಿಡಿದು ಎದೆಗೊತ್ತಿಕೊಂಡ.

ಅವಳು ಕೈ ಬಿಡಿಸಿಕೊಂಡಾಗ ಬಿಳಿ ಕೋಟಿನ ಎದೆಯ ಮೇಲೆ ಹತ್ತು ಬೆರಳು ಮೂಡಿದ್ದವು. ಎಡಕ್ಕೆ ಐದು, ಬಲಕ್ಕೆ ಐದು. ಯಾರ ಕೈ ಎಂದು ಎಳೆಮಗುವಿಗೂ ತಿಳಿಯುವ ಹಾಗೆ.

"ಅಯ್ಯೋ!" ಅವನ ಮುಖ ಬಿಳಿಚಿತು. "ಈಗೇನ್ಮಾಡೋದು? ಬೇಗ ಏನಾದ್ರೂ ಕೊಡು!"

ಅಂಟುಪಟ್ಟಿಯ ಸುರುಳಿ ಅವಳ ಮುಂಗೈಯಲ್ಲೇ ಇತ್ತು, ಬಳೆಯ ಹಾಗೆ, ಅವನ ಕಣ್ಣೆದುರಿಗೇ. ಅವಳು ಅವನನ್ನೇ ನೋಡಿದಳು. ಮೊದಲ ದಿನ ಅಂಗಡಿಯಲ್ಲಿ ಹೇಳಿದ್ದಳಲ್ಲ. ಅದರಲ್ಲಿ ಒಂದೇ ಒಂದು ಮಾತು ನೆನಪಿಸಿಕೊಳ್ಳಲಿ, ಸಾಕು. ತಾನೇ ಕೂತು ಪ್ರತಿ ಕಣವನ್ನೂ ಎತ್ತಿ, ಅವನನ್ನು ಶುಭ್ರವಾಗಿ ತಂಗಿಯ ಬಳಿಗೆ ಕಳಿಸುತ್ತಾಳೆ. ಒಂದೇ ಮಾತು.

"ನಿಂತ್ಕೊಂಡು ಏನು ನೋಡ್ತೀಯಾ? ನೀರು ಕೊಡು, ನೀರು!"

ಹಾಗಾದರೆ ಅವನು ಕೇಳಿಸಿಕೊಂಡಿರಲಿಲ್ಲ. ಆ ದಿನ ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ.

ಹೂವಿಗೆ ಚಿಮುಕಿಸುವ ನೀರಿನ ಬಾಟಲಿಯನ್ನು ಅವಳು ಅವನ ಕೈಗಿಟ್ಟಳು. ಅವನು ಚಿಮುಕಿಸಿದ, ಕರವಸ್ತ್ರದಿಂದ ಗಸಗಸ ಉಜ್ಜಿದ. ಪುಡಿ ಕರಗಿ, ನೂಲಿಗಿಳಿದು, ಕಿತ್ತಳೆಯಾಗಿ ಕೂತಿತು. ಇನ್ನು ಆ ಕಲೆ ಅಲ್ಲಿಂದ ಏಳುವುದಿಲ್ಲ. ತಂಗಿ ಆ ಎದೆಗೆ ಒರಗಿದರೂ ಅವಳ ಹಾಲುಬಿಳುಪಿಗೆ ಒಂದು ಕಣ ಅಂಟುವುದಿಲ್ಲ. ಆದರೆ ನೋಡುತ್ತಾಳೆ. ನೋಡಿ ಕೇಳುತ್ತಾಳೆ. ಪ್ರಶ್ನೆ ಕೇಳುವುದೇ ಅವಳ ಕೆಲಸ.

"ಹೋಗ್ತಾನೇ ಇಲ್ಲ ಇದು!"

"ಹೋಗಲ್ಲ," ಎಂದಳು.

ಹೊರಗೆ ಕಾರಿನ ಬಾಗಿಲು ಬಡಿಯಿತು. ತಂಗಿಯ ನಗು ಮೆಟ್ಟಿಲೇರಿ ಬಂತು. ಅವನು ಎರಡೂ ಅಂಗೈಯಿಂದ ಎದೆ ಮುಚ್ಚಿಕೊಂಡು ಅತ್ತಿತ್ತ ನೋಡಿದ. ಓಡಲು ಒಂದೇ ಬಾಗಿಲಿತ್ತು. ಅದರಲ್ಲಿ ಮದುಮಗಳು ಬರುತ್ತಿದ್ದಳು.

ಹೂವಿನವಳು ಮತ್ತೆ ಏಣಿ ಹತ್ತಿದಳು. ಕೊನೆಯ ಲಿಲ್ಲಿ ಪೂರ್ತಿ ಬಾಯಿ ತೆರೆದಿತ್ತು. ಒಂದು, ಎರಡು, ಮೂರು. ಕೇಸರ ಒಂದೊಂದೇ ಚಿವುಟಿದಳು. ನಾಲ್ಕು, ಐದು. ಕೆಳಗೆ ತಂಗಿಯ ನಗು ತಟ್ಟನೆ ನಿಂತಿತು.

ಆರು.