ಒಂದೇ ರಿಂಗು

ಕನ್ನಡಕದ ಎಡಗಡೆಯ ಕಡ್ಡಿ ಸೊಟ್ಟಗಿತ್ತು. ಹರ್ಷಿತಾಗೆ ಮೊದಲು ಕಂಡಿದ್ದು ಅದೇ.

ತನ್ನನ್ನು ನೋಡಲೆಂದು ಹಿಂದೂಪುರದಿಂದ ಬಂದ ಹುಡುಗ ನಡುಮನೆಯ ಚಾಪೆಯ ಮೇಲೆ ಕೂತು, ಜಾರುವ ಕನ್ನಡಕವನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ಕಲ್ಯಾಣದುರ್ಗದ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಅದನ್ನು ನೋಡಿಯೂ ಸುಮ್ಮನಿರುವುದೆಂದರೆ, ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡಿಯೂ ಸುಮ್ಮನಿದ್ದ ಹಾಗೆ.

ದೊಡ್ಡವರು ಮಳೆ, ಕಡಲೆಕಾಯಿ, ಯಾರಿಗೆ ಯಾರು ಏನಾಗಬೇಕು ಎಂಬುದನ್ನೆಲ್ಲ ಮಾತಾಡಿ ಮುಗಿಸಿದ ಮೇಲೆ ಸೋದರತ್ತೆ ಪಾಪಕ್ಕ ಅಪ್ಪಣೆ ಕೊಟ್ಟಳು. "ಹೋಗ್ರಮ್ಮ, ಹಿತ್ತಲಾಗೆ ಬೇವಿನ ಮರದ ಕೆಳಗೆ ಕುಂತು ಮಾತಾಡ್ಕೊಳ್ಳಿ. ಬಾಗಿಲು ಮಾತ್ರ ತೆಗೆದೇ ಇರ್ತೈತೆ."

ಬಟ್ಟೆ ಒಗೆಯುವ ಕಲ್ಲಿನ ಆ ತುದಿಗೆ ಅವನು, ಈ ತುದಿಗೆ ಅವಳು.

"ನನ್ನ ಹೆಸರು ಆಂಜನೇಯ. ಎಲ್ರೂ ಅಂಜಿ ಅಂತಾರೆ."

"ಗೊತ್ತು. ‘ಅಂಜಿ ಅಭಿಪ್ರಾಯ’ ನೋಡ್ತೀನಿ."

ಅವನ ಕಿವಿ ಕೆಂಪಾಯಿತು. ಹಿಂದೂಪುರದಲ್ಲಿ ಮಿಕ್ಸಿ, ಫ್ಯಾನು, ಫ್ರಿಜ್ಜು ಮಾರುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಹೊಸ ಸಾಮಾನು ಏನೇ ಬರಲಿ, ಬಿಚ್ಚಿ, ತಿರುಗಿಸಿ, ಮೂಸಿ ನೋಡಿ, ಫೋನಿನ ಮುಂದೆ ಕೂತು ತನಗನಿಸಿದ್ದನ್ನು ಹೇಳಿ ಯೂಟ್ಯೂಬಿಗೆ ಹಾಕುತ್ತಿದ್ದ. ಒಂದಿಷ್ಟು ಕನ್ನಡ, ಒಂದಿಷ್ಟು ತೆಲುಗು, ನಡುವೆ ಸಂಸಾರದ ಮಾತು. ಹರ್ಷಿತಾಳ ಅಪ್ಪ ಜಯರಾಮಪ್ಪ ಬೋರ್‌ವೆಲ್ಲಿನ ಮೋಟರನ್ನು ಮನೆಯಿಂದಲೇ ಓಡಿಸಲು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದು ಈ ಹುಡುಗನ ಮಾತು ಕೇಳಿಯೇ. ಮದುವೆಯ ಮಾತು ಎದ್ದಾಗ, "ನಮ್ಮ ಸ್ಟಾರ್ಟರಿನ ಹುಡುಗನೇನಾ?" ಎಂದು ಮುಖ ಅರಳಿಸಿದ್ದ.

"ಯಾವ್ಯಾವುದು ನೋಡಿದೀರಿ?" ಅಂಜಿ ಕೇಳಿದ.

"ಮಿಕ್ಸೀದು. ಮೂರು ಜಾರು ಕೊಡ್ತಾರೆ, ಮೂರನೇದು ಅಟ್ಟ ಹತ್ತಿ ಬೇರೆ ಸಂಸಾರ ಹೂಡ್ತದೆ ಅಂದ್ರಲ್ಲ. ನಮ್ಮಮ್ಮ ಎದ್ದೋಗಿ ಅಟ್ಟ ನೋಡಿ ಬಂದ್ಲು."

"ಇತ್ತಾ?"

"ಇತ್ತು. ಅದರ ತುಂಬ ಹಳೇ ಗುಂಡಿ, ಪಿನ್ನು."

ಅವನು ನಕ್ಕ. ನಕ್ಕಾಗ ಕನ್ನಡಕ ಮತ್ತೆ ಜಾರಿತು.

"ಹೆಜ್ಜೆ ಎಣಿಸೋ ವಾಚಿಂದೂ ನೋಡಿದೀನಿ," ಎಂದಳು.

"ಅದನ್ನ ಕಡಲೆಕಾಯಿ ಕೀಳೋ ನಮ್ಮ ಹೆಂಗಸರ ಕೈಗೆ ಕಟ್ಟಿದ್ರೆ ವಾಚೇ ‘ಸಾಕು ಕಣಮ್ಮ, ಒಸಿ ಕೂತ್ಕೋ’ ಅಂತದೆ ಅಂದಿದ್ದೆ. ತಪ್ಪಾ?"

"ಅದು ತಪ್ಪಿಲ್ಲ. ಸಾಮಾನು ಸೊಟ್ಟಗಾದ್ರೆ ಆವತ್ತೇ ಸರಿ ಮಾಡ್ಕೊಳ್ಳಿ ಅಂತ ಊರಿಗೆಲ್ಲಾ ಹೇಳ್ತೀರಲ್ಲ, ಅದು ತಪ್ಪು. ಕೊಡಿ ಇಲ್ಲಿ."

ಅವಳು ಕೈ ಚಾಚಿದಳು. ಅಂಜಿ ಏನೂ ಕೇಳದೆ ಕನ್ನಡಕ ತೆಗೆದುಕೊಟ್ಟ. ಹರ್ಷಿತಾ ಕಡ್ಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಬಗ್ಗಿಸಿದಳು, ಬೆಳಕಿಗೆ ಹಿಡಿದಳು, ಇನ್ನಷ್ಟು ಬಗ್ಗಿಸಿದಳು. ಸೆರಗಿನ ತುದಿಯಿಂದ ಗಾಜು ಒರೆಸಿದಳು. ಕನ್ನಡಕವಿಲ್ಲದ ಅವನ ಕಣ್ಣುಗಳು, ಎಲ್ಲ ಮಸುಕಾಗಿದ್ದರೂ ತಾವು ನೋಡಬೇಕಾದ್ದು ಎಲ್ಲಿದೆ ಎಂದು ಗೊತ್ತಿರುವ ಹಾಗೆ, ಅವಳ ಕಡೆಗೇ ನಿಂತಿದ್ದವು.

ಅವಳೇ ಅವನ ಕಿವಿಯ ಮೇಲೆ ಕನ್ನಡಕ ಕೂರಿಸಿದಳು. ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ. ಆದರೂ ಇವತ್ತು ಒಂದಕ್ಕೆ ಎರಡು ಸಲ ಸರಿಮಾಡಿದಳು.

"ಈಗ ಹೆಂಗೆ ಕಾಣ್ತೈತೆ?"

"ಚೆನ್ನಾಗೈತೆ," ಎಂದ ಅಂಜಿ. ಅವನು ಹೇಳಿದ್ದು ಕನ್ನಡಕದ ಬಗ್ಗೆ ಅಲ್ಲವೆಂದು ತಿಳಿದು ಹರ್ಷಿತಾ ಮರದಲ್ಲಿದ್ದ ಬೇವಿನಕಾಯಿಗಳನ್ನು ನೋಡತೊಡಗಿದಳು.

"ಫೋನ್ ಮಾಡ್ಲಾ?"

"ಮಾಡಿ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮಂಗಡಿ ಖಾಲಿ ಇರ್ತೈತೆ."

ನಂಬರು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ಪಾಪಕ್ಕನ ದನಿ ಬಂತು. "ನಂಬರು ನೀವು ನೀವೇ ಕೊಟ್ಕೊಳ್ಳೋದಲ್ಲ ಕಣಮ್ಮ. ಅದು ಹಿರೀಕರ ಕೈಯಿಂದ ಹೋಗ್ಬೇಕು."

ಅವರ ಬಳಗದಲ್ಲಿ ಈಚೆಗೆ ಹುಟ್ಟಿಕೊಂಡ ಶಾಸ್ತ್ರ ಅದು. ಹುಡುಗಿಯ ಕಡೆಯ ಹಿರಿಯರೊಬ್ಬರು ತಾಂಬೂಲದ ಜೊತೆ ಹುಡುಗನ ತಾಯಿಗೆ ನಂಬರು ಕೊಡಬೇಕು. ಮೊದಲು ಹುಡುಗನೇ ಕರೆ ಮಾಡಬೇಕು, ಅಲ್ಲಿಯವರೆಗೆ ಹುಡುಗಿ ತಾನಾಗಿ ಮಾಡಬಾರದು. ಕರೆ ಬಂದರೆ ಒಪ್ಪಿಗೆ, ಬರದಿದ್ದರೆ ಇಲ್ಲ. ಯಾರೂ ಯಾರಿಗೂ ಬೇಡವೆಂದು ಬಾಯಿಬಿಟ್ಟು ಹೇಳಬೇಕಿಲ್ಲ, ಯಾರ ಮನಸ್ಸೂ ಮುರಿಯುವುದಿಲ್ಲ ಎಂಬುದು ಪಾಪಕ್ಕನ ನಂಬಿಕೆ. ಅವಳು ತಮ್ಮ ಜಯರಾಮಪ್ಪನ ಫೋನು ಇಸಕೊಂಡು, ಹರ್ಷಿತಾಳ ಹೆಸರು ಹುಡುಕಿ, ಅಂಜಿಯ ತಾಯಿಗೆ ತೋರಿಸಿದಳು. ಅವರು ನಂಬರು ಇಳಿಸಿಕೊಂಡು ಹರ್ಷಿತಾಳ ಊರು ಬ್ರಹ್ಮಸಮುದ್ರದಿಂದ ಹೊರಟರು.

ಮರುದಿನ ಮಧ್ಯಾಹ್ನ ಹರ್ಷಿತಾ ಊಟದ ಡಬ್ಬಿಯ ಪಕ್ಕದಲ್ಲಿ ಫೋನು ಇಟ್ಟುಕೊಂಡು ಕೂತಳು. ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಾರ್ಜು ನೋಡಿದಳು, ಸಿಗ್ನಲ್ ನೋಡಿದಳು, ಪಕ್ಕದಂಗಡಿಯ ಕಲ್ಯಾಣಿಗೆ ಹೇಳಿ ಒಂದು ಸಲ ಕರೆ ಮಾಡಿಸಿಯೂ ನೋಡಿದಳು. ಫೋನು ಸರಿಯಾಗಿತ್ತು. ಹಾಗಾದರೆ ಸರಿಯಿಲ್ಲದ್ದು ತಾನೇ ಇರಬೇಕು. ಮೊದಲ ಸಲ ಕಂಡ ಗಂಡಸಿನ ಮುಖದಿಂದ ಕನ್ನಡಕ ಕಿತ್ತುಕೊಂಡೆ, ಎಂಥ ಜೋರಿನ ಹುಡುಗಿ ಅಂದುಕೊಂಡನೋ ಏನೋ. ಬಸ್ಸಿನ ಕಿಟಕಿಯಾಚೆ ಒಣಗಿದ ಬಯಲು ಹಿಂದೆ ಸರಿಯುತ್ತಿದ್ದರೆ ಅವಳು ತನ್ನ ಬೆರಳುಗಳನ್ನೇ ಬೈದುಕೊಂಡಳು.

ಮನೆಯಲ್ಲಿ ಅಪ್ಪನದು ಬೇರೆ ಗೋಳು.

"ಮೋಟರಿಗೆ ಏನೋ ಬಡಿದೈತೆ ಕಣಮ್ಮ," ಎನ್ನುತ್ತಿದ್ದ ರೊಟ್ಟಿ ಮುರಿಯುತ್ತಾ. "ಮಧ್ಯಾಹ್ನ ನಾನು ಉಣ್ಣಾಕೆ ಕುಂತ್ರೆ ಸಾಕು, ಅಲ್ಲಿ ತಾನೇ ಎದ್ಬುಡ್ತದೆ. ಕೆಲವು ದಿನ ಎದ್ದು ಹಂಗೇ ಮಲಗ್ತದೆ. ನಿನ್ನೆ ಕರೆಂಟು ಹೋಗೋಗಂಟ ಓಡೈತೆ. ಈ ಕಡೆ ಟೊಮೆಟೊ ಪಾತಿ ಕೆರೆಯಾಗೈತೆ."

"ಮೆಕ್ಯಾನಿಕ್ಕನ್ನ ಕರೀರಿ," ಎಂದಳು ಹರ್ಷಿತಾ, ಮನಸ್ಸು ಎಲ್ಲೋ ಇಟ್ಟು.

"ಕರೀತೀನಿ." ಜಯರಾಮಪ್ಪ ಮೆಲ್ಲಗೆ ಕೇಳಿದ. "ಹಿಂದೂಪುರದೋರು ಸುಮ್ಮನಾಗ್ಬುಟ್ರಲ್ಲಮ್ಮ. ರಾಯದುರ್ಗದೋರು ಭಾನುವಾರ ಬತ್ತೀವಿ ಅಂತಾವ್ರೆ. ಏನು ಹೇಳ್ಲಿ?"

"ಶನಿವಾರ ಹೇಳ್ತೀನಪ್ಪಾ."

ಪಾಪಕ್ಕ ಒಳಗಿಂದಲೇ ಅಂದಳು: "ಶನಿವಾರ ಏನು ಆಕಾಶದಿಂದ ಉದುರ್ತದೆ? ಬರೋದಿದ್ರೆ ಬರ್ತಿತ್ತು. ಹೋಗ್ಲಿ ಬಿಡು, ಇನ್ನೊಬ್ಬ ಸಿಗ್ತಾನೆ."

ಶುಕ್ರವಾರ ಸಂಜೆ ಅಂಜಿಯ ಹೊಸ ವಿಡಿಯೋ ಬಂತು. ನೋಡಬಾರದೆಂದುಕೊಂಡೇ ಹರ್ಷಿತಾ ಇಯರ್‌ಫೋನು ಸಿಕ್ಕಿಸಿಕೊಂಡಳು. ಹೆದ್ದಾರಿಯ ಮೇಲಿನ ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನ ಹತ್ತಿರದ ಢಾಬಾ; ಅವನ ಹಿಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಚಪಾತಿ ಮಾಡುವ ಯಂತ್ರದ ಬಗ್ಗೆ ಒಂದೆರಡು ಮಾತು ಹೇಳಿದ. ಅದನ್ನು ತೊಳೆಯುವ ಹೊತ್ತಿಗೆ ಅತ್ತೆ ಸೊಸೆ ಕೂತು ಮನೆಮಂದಿಗೆಲ್ಲ ಲಟ್ಟಿಸಿಬಿಡಬಹುದು ಎಂದ. ಆದರೆ ಎಂದಿನ ಉಮೇದು ಇರಲಿಲ್ಲ.

"ಇನ್ನೊಂದು ಅಭಿಪ್ರಾಯ ಐತೆ," ಎಂದು ಕನ್ನಡಕ ಮುಟ್ಟಿಕೊಂಡ. ಈಗ ಅದು ಜಾರುತ್ತಿರಲಿಲ್ಲ. "ಫೋನು ಅನ್ನೋದು ಭಾರಿ ಮರ್ಯಾದಸ್ತ ಸಾಮಾನು. ದಿನಾ ಮಧ್ಯಾಹ್ನ ಊಟಕ್ಕೆ ಕುಂತಾಗ ನಾನು ಒಂದು ನಂಬರಿಗೆ ಮಾಡ್ತೀನಿ, ಕೆಲವು ದಿನ ಎರಡು ಸಲ. ಒಂದೇ ರಿಂಗು. ಕಟ್ ಆಗ್ತದೆ. ಬೇಡ ಅನ್ನೋದನ್ನ ಇದಕ್ಕಿಂತ ಮೆತ್ತಗೆ ಯಾರೂ ಹೇಳಾಕಾಗಲ್ಲ. ನಾಳೆ ಒಂದು ಸಲ ಮಾಡಿ ಬಿಟ್ಬುಡ್ತೀನಿ. ಬೇಡ ಅಂದೋರನ್ನ ಕಾಡಬಾರದು."

ಹರ್ಷಿತಾ ಅದನ್ನು ಮತ್ತೆ ಹಾಕಿ ಕೇಳಿದಳು. ಮಧ್ಯಾಹ್ನ ಊಟದ ಹೊತ್ತು. ಒಂದೇ ರಿಂಗು. ಕಟ್.

ಅವಳು ಎದ್ದು ಹೋಗಿ ಅಪ್ಪನ ಫೋನು ತೆಗೆದಳು. ಮಗಳ ನಂಬರನ್ನು ಅಪ್ಪ ‘ಅಮ್ಮಣ್ಣಿ’ ಎಂದು ಉಳಿಸಿಕೊಂಡಿದ್ದ. ಹುಟ್ಟಿದಾಗಿನಿಂದ ಅವನು ಕರೆಯುವುದೇ ಹಾಗೆ. ಕೆಳಗೆ ತೆಲುಗಿನಲ್ಲಿ ‘ಹರ್ಷಿತ’ ಎಂದು ಇನ್ನೊಂದು ನಂಬರು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಹಾಕುವ ಸಿಮ್ಮನ್ನು ಅವಳ ಆಧಾರ್ ಕೊಟ್ಟು ತಂದಿದ್ದರು. ಮಾರಿದವನು ಸಿಮ್ ಯಾರ ಹೆಸರಿನಲ್ಲಿತ್ತೋ ಅದೇ ಹೆಸರಿಟ್ಟು ಉಳಿಸಿಕೊಟ್ಟಿದ್ದ. ಆ ನಂಬರಿಗೆ ಕರೆ ಮಾಡಿದರೆ ಒಂದು ರಿಂಗಾಗಿ ಕಟ್ಟಾಗುತ್ತದೆ, ಮೋಟರು ಓಡುತ್ತದೆ. ಇನ್ನೊಂದು ಸಲ ಮಾಡಿದರೆ ನಿಲ್ಲುತ್ತದೆ.

ಪಾಪಕ್ಕ ಹಿರಿತನದಿಂದ ಕೊಟ್ಟಿದ್ದು ಮೋಟರಿನ ನಂಬರು.

ಹರ್ಷಿತಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಅವನು ದಿನವೂ ಕರೆದಿದ್ದಾನೆ. ದಿನವೂ ಟೊಮೆಟೊ ಪಾತಿಗೆ ನೀರು ಹರಿದಿದೆ.

ಪಾಪಕ್ಕನಿಗೆ ಹೇಳಿದರೆ ಅವಳು ಅಂಜಿಯ ತಾಯಿಗೆ ಹೇಳುತ್ತಾಳೆ, ಅಲ್ಲಿಂದ ಬಳಗಕ್ಕೆಲ್ಲ ಮುಟ್ಟುತ್ತದೆ. ಮೋಟರಿಗೆ ಪ್ರೇಮದ ಫೋನು ಮಾಡಿದ ಹುಡುಗ ಎಂದು ಅವನು ಬದುಕಿಡೀ ಕೇಳಿಸಿಕೊಳ್ಳಬೇಕಾಗುತ್ತದೆ. ವಿಡಿಯೋದ ಕೆಳಗೆ ಬರೆದರೆ ಊರೇ ಓದುತ್ತದೆ. ಅವನ ನಂಬರು ತನ್ನಲ್ಲಿಲ್ಲ. ನಾಳಿನ ಕರೆಯೊಂದೇ ದಾರಿ.

ಶನಿವಾರ ಅಂಗಡಿಗೆ ರಜೆ ಹೇಳಿ ಹೊಲಕ್ಕೆ ಹೋದಳು. ಮೈನ್ ಸ್ವಿಚ್ಚು ಇಳಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು, ತಲೆಯ ಪಿನ್ನಿನಿಂದ ಸಿಮ್ಮನ್ನು ಎಬ್ಬಿಸಿ ತನ್ನ ಫೋನಿನ ಖಾಲಿ ಜಾಗಕ್ಕೆ ಹಾಕಿಕೊಂಡು, ಬೋರಿನ ಪಕ್ಕದ ಹೊಂಗೆಯ ನೆರಳಲ್ಲಿ ಕೂತಳು.

ಫೋನು ಬಡಿದುಕೊಂಡಿತು. ಅವಳ ಎದೆಯೂ. ನೋಡಿದರೆ ಅಪ್ಪ. ಮನೆಯಿಂದ ಮೋಟರು ಹಾಕಲು ಮಾಡಿದ್ದ.

"ಹಲೋ," ಎಂದಳು.

"ಯಾರು?"

"ನಾನಪ್ಪಾ."

"ಮೋಟರೊಳಗೆ ನೀನೇನಮ್ಮ ಮಾಡ್ತಾ ಇದ್ದೀಯಾ?"

"ಸಿಮ್ಮು ನನ್ನತ್ರ ಐತೆ. ಆಮೇಲೆ ಹೇಳ್ತೀನಿ, ಈಗ ಇಡಪ್ಪಾ."

"ಇರು, ಅಲ್ಲಿಗೇ ಬತ್ತೀನಿ."

ಅಪ್ಪ ಇಟ್ಟ ಸ್ವಲ್ಪ ಹೊತ್ತಿಗೆ ಹೆಸರಿಲ್ಲದ ನಂಬರೊಂದು ಬೆಳಗಿತು. ಹರ್ಷಿತಾ ಕೂಡಲೇ ಎತ್ತಲಿಲ್ಲ. ಅವನಿಗೆ ಎರಡನೇ ರಿಂಗು ಕೇಳಿಸಲಿ ಎಂದು ಕಾದಳು. ಮೂರನೆಯದೂ ಕೇಳಿಸಲಿ ಎಂದು ಕಾದಳು.

"ಹಲೋ."

ತಟ್ಟೆಗೆ ಏನೋ ಬಿದ್ದ ಸದ್ದು. "ಎತ್ತಿದ್ರಿ," ಎಂದ ಅಂಜಿ, ತನಗೆ ತಾನೇ ಹೇಳಿಕೊಂಡ ಹಾಗೆ.

"ಎತ್ತಿದೆ."

"ಇಷ್ಟು ದಿನ ಯಾಕೆ ಎತ್ತಲಿಲ್ಲ?"

"ಎತ್ತೋಕೆ ಅದಕ್ಕೆ ಕೈ ಇರ್ಲಿಲ್ಲ. ನೀವು ದಿನಾ ಮಾತಾಡ್ಸಾಕೆ ನೋಡಿದ್ದು ನಮ್ಮ ಬೋರಿನ ಮೋಟರನ್ನ."

ಅವಳು ಎಲ್ಲವನ್ನೂ ಹೇಳಿದಳು, ಅಮ್ಮಣ್ಣಿ, ಆಧಾರು, ಪಾಪಕ್ಕ.

"ವಾಟ್ಸಪ್ಪಲ್ಲೂ ಆ ನಂಬರ್ ಇರ್ಲಿಲ್ಲ," ಎಂದ ಅಂಜಿ ಕೊನೆಗೆ. "ಬ್ಲಾಕ್ ಮಾಡಿದೀರಿ ಅಂದ್ಕೊಂಡೆ. ನಾನು ಯಂತ್ರಗಳ ಬಗ್ಗೆ ಊರಿಗೆ ಹೇಳೋನು."

"ಮನೆಯೋರ ನಂಬರಿಗೆ ಮಾತ್ರ ಎದ್ದೇಳೋ ಲಾಕಿನ ಸ್ಟಾರ್ಟರಿಗೆ ಜಾಸ್ತಿ ದುಡ್ಡು ಯಾಕೆ ಕೊಡ್ತೀರಿ, ಮೋಟರಿಗೆ ಯಾರು ಫೋನ್ ಮಾಡ್ತಾರೆ ಅಂದಿದ್ದು ಯಾರು?"

"ನಾನೇ." ಅವನಿಗೆ ನಗು ಬಂದಿತ್ತು. "ಆ ವಿಡಿಯೋ ಇವತ್ತೇ ತೆಗೀತೀನಿ."

"ತೆಗೀಬ್ಯಾಡಿ. ಅದನ್ನ ನೋಡಿದ್ದಕ್ಕೇ ಅಪ್ಪ ನಿಮ್ಮನ್ನ ಮನೆಗೆ ಕರೆದಿದ್ದು."

ಅವನ ಹಿಂದೆ ಅಂಗಡಿಯ ಫ್ಯಾನು ಸದ್ದು ಮಾಡುತ್ತಿತ್ತು. ಯಾರೋ ಕರೆದರು, ಬರುತ್ತೇನೆಂದು ಅವನು ತೆಲುಗಿನಲ್ಲಿ "ವಸ್ತಾ, ವಸ್ತಾ" ಎಂದ. ಆದರೆ ಎದ್ದು ಹೋಗಲಿಲ್ಲ.

"ಹರ್ಷಿತಾ, ನನಗೆ ಎಲ್ಲದರ ಮೇಲೂ ಅಭಿಪ್ರಾಯ ಐತೆ. ತವದ ಮೇಲೆ, ಟಾರ್ಚಿನ ಮೇಲೆ, ಎಲ್ಲದರ ಮೇಲೆ. ನಿಮ್ಮ ಬಗ್ಗೆ ಏನು ಅಂತ ಅಮ್ಮ ಕೇಳಿದಾಗ ಒಂದು ಮಾತೂ ಬರ್ಲಿಲ್ಲ. ಇಷ್ಟ ಅನ್ನೋದು ಬಿಟ್ಟು."

ಅವಳು ನೆಲದ ಮೇಲಿನ ಹೊಂಗೆ ಹೂಗಳನ್ನು ಕೈಯಿಂದ ಒಂದು ಕಡೆ ಸರಿಸಿದಳು. ಅಷ್ಟರಲ್ಲಿ ಬದುವಿನ ಮೇಲೆ ಅಪ್ಪ ಬರುವುದು ಕಂಡಿತು, ಹೆಗಲ ಮೇಲೆ ಟವಲು, ಬಿರುಸು ಹೆಜ್ಜೆ. ಆ ಕಡೆಯ ಪಾತಿಗಳು ಬಿಳಿಚಿಕೊಂಡು ನೀರಿಗೆ ಕಾಯುತ್ತಿದ್ದವು.

"ಅಪ್ಪ ಬಂದ್ರು. ಸಿಮ್ಮು ವಾಪಸ್ ಹಾಕ್ಬೇಕು, ಇನ್ನೇನು ಕರೆಂಟು ಹೋಯ್ತದೆ. ನನ್ನ ಸ್ವಂತ ನಂಬರು ಹೇಳ್ತೀನಿ, ಅದಕ್ಕೆ ಮಾಡಿ," ಎಂದು ಗಡಿಬಿಡಿಯಲ್ಲಿ ಎದ್ದಳು.

ಜಯರಾಮಪ್ಪ ತೆರೆದ ಪೆಟ್ಟಿಗೆ ನೋಡಿದ. ಮಗಳ ಕೈಯ ಫೋನು ನೋಡಿದ. ಅವಳ ಮುಖ ನೋಡಿದ.

"ಯಾರಮ್ಮ?"

"ಹಿಂದೂಪುರದೋರು."

ಅವನ ಕಣ್ಣು ಈ ಕಡೆಯ, ಇನ್ನೂ ಕೆಸರಾಗಿಯೇ ಇದ್ದ ಟೊಮೆಟೊ ಪಾತಿಯತ್ತ ಹೋಯಿತು. "ದಿನಾ ಮಧ್ಯಾಹ್ನ ನೀರು ಬಿಡ್ತಿದ್ದೋನು ಇವನೇನಾ?"

ಹರ್ಷಿತಾ ತಲೆಯಾಡಿಸಿದಳು. ಸಿಮ್ಮಿಗಾಗಿ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು.

"ಇಡಬ್ಯಾಡ," ಎಂದ ಜಯರಾಮಪ್ಪ. "ಅಷ್ಟು ದಿನ ಕಾದು ಮಾಡವ್ನೆ. ಆ ಕಡೆ ಪಾತಿಗೆ ನಾಳೆ ಬಿಟ್ಟರೂ ಆಯ್ತದೆ. ನೀನು ಮಾತಾಡು."

ಟವಲನ್ನು ತಲೆಗೆ ಸುತ್ತಿಕೊಂಡು ಅವನು ದೂರದ ಪಾತಿಗೆ ಹೋಗಿ, ಮಗಳಿಗೆ ಬೆನ್ನು ಮಾಡಿ ಕಳೆ ಕೀಳಲು ಕೂತ.

ಅವಳು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡಳು. "ಇದೀರಾ?"

"ಇದೀನಿ."

"ನನಗೂ ಇಷ್ಟ," ಎಂದಳು. "ಭಾನುವಾರ ಬನ್ನಿ. ಅಮ್ಮನ್ನ ಕರ್ಕೊಂಡು ಬನ್ನಿ."

ಆಮೇಲೆ ಏನೇನು ಮಾತಾಡಿದರೋ ಅವರಿಗೇ ನೆನಪಿರಲಿಕ್ಕಿಲ್ಲ. ನೆರಳು ಸರಿದ ಹಾಗೆ ಅವಳೂ ಸರಿದು ಸರಿದು ಕೂತಳು. ಕರೆಂಟು ಹೋಗಿ, ಮೈನ್ ಸ್ವಿಚ್ಚಿಗೂ ಮೊದಲೇ ತಂತಿಗೆ ಕಟ್ಟಿದ್ದ ಕೆಂಪು ದೀಪ ಆರಿತು. ಜಯರಾಮಪ್ಪ ಒಂದು ಸಲ ಅತ್ತ ತಿರುಗಿ ನೋಡಿ, ಮಗಳ ನಗು ಕೇಳಿ, ಮುಂದಿನ ಸಾಲಿಗೆ ಸರಿದು ಕಳೆ ಕೀಳತೊಡಗಿದ.