ಕೆಂಪು ಗ್ರಹದಲ್ಲಿ ಗಾಳಿ ಮುಗಿದಾಗ

"ಅಯ್ಯೋ! ಆಕ್ಸಿಜನ್ ಖಾಲಿಯಾಗ್ತಾ ಐತೆ ಕಣ್ರೀ!"

ಹೆಣ್ಣು ನೋಡಲು ಬಂದ ಹುಡುಗ ಹುಡುಗಿಗೆ ಹೇಳಿದ ಮೊದಲ ಮಾತು ಇದು. ನಂಬ್ತೀರಾ?

ಇಂದ್ರಾಣಿಗೂ ನಂಬಲಾಗಲಿಲ್ಲ. ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ, ಅಂಗೈಯಲ್ಲಿ ಬೆವರು... "ಐದು ನಿಮಿಷ ಮಾತಾಡ್ಕಳಿ" ಎಂದು ದೊಡ್ಡವರು ಇಬ್ಬರನ್ನೂ ಒಳಗಿನ ಕೋಣೆಗೆ ಕಳಿಸಿದ್ದರು. ಹುಡುಗ ಏನು ಕೇಳ್ತಾನೋ, ತಾನು ಏನು ಹೇಳಬೇಕೋ ಎಂದು ಮೂರು ದಿನದಿಂದ ಯೋಚಿಸಿದ್ದಳು ಪಾಪ. ಈ ಪುಣ್ಯಾತ್ಮ ನೋಡಿದರೆ ಅವಳ ಬೆನ್ನ ಹಿಂದಿದ್ದ ಕಂಪ್ಯೂಟರನ್ನೇ ನೋಡುತ್ತಾ ನಿಂತಿದ್ದಾನೆ!

ತಿರುಗಿ ನೋಡಿದಳು. ಅಯ್ಯೋ, ಗೇಮ್!

ಬೆಳಿಗ್ಗೆ ಗೇಮ್ ಆಡುತ್ತಾ ಕೂತಿದ್ದವಳು, "ಬಂದ್ರು ಕಣೇ, ಎದ್ದೇಳೇ!" ಎಂದು ಅಮ್ಮ ಕೂಗಿದ ಕೂಡಲೇ ಅದನ್ನು ನಿಲ್ಲಿಸುವುದನ್ನೇ ಮರೆತು ಓಡಿದ್ದಳು. ಈಗ ಸ್ಕ್ರೀನಿನ ತುಂಬ ಕೆಂಪು ದೀಪ ಮಿಟುಕುತ್ತಿದೆ!

ಹಿಂದೂಪುರದ ಜಯರಾಮಪ್ಪನವರ ಮನೆಯಲ್ಲಿ ನಾಲ್ಕು ಮಗ್ಗ. ಸೀರೆಯ ಅಂಚಿಗೆ ಡಿಸೈನ್ ಬರೆಯಲೆಂದು ಎರಡು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ಐದರಲ್ಲಿ, ಕಂಪ್ಯೂಟರ್ ತಂದಿದ್ದರು. ನವಿಲು, ಮಾವಿನಕಾಯಿ, ಗೋಪುರ... ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಬರೆಯುವವಳು ಮಗಳು ಇಂದ್ರಾಣಿ. ಕೆಲಸ ಮುಗಿದರೆ ಅವಳಿಗೆ ಈ ಗೇಮೇ ಪ್ರಪಂಚ. ಯಾರೂ ಇಲ್ಲದ ಒಂದು ಕೆಂಪು ಗ್ರಹ. ಅಲ್ಲಿ ಮನೆ ಕಟ್ಟಬೇಕು, ನೀರು ತೆಗೆಯಬೇಕು, ಬೆಳೆ ಬೆಳೆಯಬೇಕು, ಉಸಿರಾಡುವ ಗಾಳಿಯನ್ನೂ ತಾನೇ ಮಾಡಬೇಕು. ಆಕಾಶದಿಂದ ಹಡಗಿನಲ್ಲಿ ಬಂದಿಳಿಯುವ ಜನರನ್ನು ಸಾಕಬೇಕು. ಈಗ ಅವಳ ಊರಿನಲ್ಲಿ ನಲವತ್ತೆರಡು ಜನ.

ಆ ನಲವತ್ತೆರಡೂ ಜನ ಈಗ ಸಾಯುವ ಹಾಗಿದ್ದರು!

ಸೀರೆ ಸುಕ್ಕಾದರೆ ಆಗಲಿ ಎಂದು ಕುರ್ಚಿಯಲ್ಲಿ ಕೂತು ಮೌಸ್ ಹಿಡಿದಳು. ಹುಡುಗ ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಬಂದ.

'ಈಗ ಕಿತ್ಕೊಳ್ತಾನೆ...' ಎಂದುಕೊಂಡಳು ಇಂದ್ರಾಣಿ. ಚಿಕ್ಕಪ್ಪನ ಮಕ್ಕಳೆಲ್ಲ ಹಾಗೇ. 'ಕೊಡಿಲ್ಲಿ, ನಿಂಗೆ ಬರಲ್ಲ' ಎಂದು ಕೈ ತಳ್ಳಿ ಮೌಸ್ ಕಿತ್ತುಕೊಳ್ಳುತ್ತಿದ್ದರು.

ಅವನು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ನೀವೇ ಆಡಿ. ನಿಮ್ಮೂರು ಅದು. ನಾನು ನಂಬರ್ ಓದಿ ಹೇಳ್ತೀನಿ. ಗಾಳಿ ಹನ್ನೊಂದು... ಹತ್ತು... ಕರೆಂಟ್ ಸಾಲ್ತಾ ಇಲ್ಲ ನೋಡ್ರಿ."

"ಗಣಿ ಆಫ್ ಮಾಡ್ಲಾ?"

"ಮಾಡಿ ಮಾಡಿ. ಒಂಬತ್ತು... ಎಂಟು... ಅಲ್ಲ, ಇಷ್ಟು ಸಣ್ಣ ಊರಿಗೆ ನಲವತ್ತೆರಡು ಜನಾನಾ?"

"ಬಾಗಿಲಿಗೆ ಬಂದು ನಿಂತೋರ್ನ ಹೋಗಿ ಅಂತ ಹೆಂಗನ್ನೋದು?"

ಅವನು ನಕ್ಕುಬಿಟ್ಟ. "ನಾನೂ ಇದೇ ಗೇಮ್ ಆಡೋದು. ನಂದು ಉಲ್ಟಾ. ಇಪ್ಪತ್ತು ಮನೆ ಕಟ್ಟಿದ್ದೀನಿ, ಇರೋರು ಎಂಟೇ ಜನ. ಇನ್ನೊಂಚೂರು ನೀರಾಗ್ಲಿ, ಇನ್ನೊಂಚೂರು ಗಾಳಿಯಾಗ್ಲಿ, ಆಮೇಲೆ ಕರೆಯಾಣ ಅಂತ ಕಾಯ್ತಾ ಕೂತಿರ್ತೀನಿ."

"ಖಾಲಿ ಮನೆ ಇಟ್ಕಂಡು ಏನ್ ಮಾಡ್ತೀರಾ?"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಹೆಣ್ಣು ನೋಡಲು ಬಂದವನನ್ನು ಹೀಗೆಲ್ಲ ಕೇಳ್ತಾರಾ!

ಐದು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಅಮ್ಮ ಪದ್ಮಾವತಮ್ಮ ಬಾಗಿಲಿಂದ ಇಣುಕಿ, ಸೆರಗು ಬಾಯಿಗಿಟ್ಟುಕೊಂಡು ಹಾಗೇ ವಾಪಸ್ ಹೋದಳು.

ಕೊನೆಗೆ ಕೆಂಪು ದೀಪ ಹಸಿರಾಯಿತು! ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಗ ಅವನು ಅವಳ ಮುಖ ನೋಡಿದ. ಆ ನೋಟಕ್ಕೆ ಇಂದ್ರಾಣಿಯ ಕಿವಿಯವರೆಗೂ ಬಿಸಿಯೇರಿತು. ಮದುವೆ ಅಂತಾದರೆ ಇವನ ಜೊತೆಗೇ ಎಂದು ಆ ಕ್ಷಣವೇ ಅವಳಿಗೆ ಅನಿಸಿಬಿಟ್ಟಿತು.

"ನನ್ನ ಹೆಸರು ದಯಾನಂದ್" ಎಂದ, ಈಗ ನೆನಪಾದವನಂತೆ. "ಕಲ್ಯಾಣದುರ್ಗದಾಗೆ ಕಂಪ್ಯೂಟರ್ ಕಲಿಸೋ ಸೆಂಟರ್ ಐತೆ. ಹೋಯ್ತೀನಿ."

"ಹಂಗನ್ನಬಾರ್ದು. ಹೋಗ್ಬತ್ತೀನಿ ಅನ್ನಿ."

"ಹೋಗ್ಬತ್ತೀನಿ" ಎಂದ ಮೆಲ್ಲಗೆ.

ಆದರೆ ಬರಲಿಲ್ಲ. ಸುದ್ದಿಯೂ ಬರಲಿಲ್ಲ.

ಒಂದು ವಾರವಾಯಿತು, ಹತ್ತು ದಿನವಾಯಿತು. ಫೋನ್ ರಿಂಗಾದಾಗೆಲ್ಲ ಇಂದ್ರಾಣಿಯ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯ ಪೋಲಮ್ಮ ಬಿಡ್ತಾಳಾ? "ನೋಡಕ್ಕೆ ಬಂದೋರ ಮುಂದೆ ಗೇಮ್ ಆಡ್ಕಂಡು ಕೂತ್ಲಂತೆ! ಇಂಥಾ ಹುಡುಗೀನ ಯಾರು ಒಪ್ತಾರೆ ಕಣಮ್ಮ?" ಎಂದು ಬೀದಿಗೆಲ್ಲ ಸಾರಿದಳು.

"ನಾವೇ ಒಂದ್ಸಲ ಫೋನ್ ಮಾಡಿ ಕೇಳಾಣ" ಎಂದಳು ಪದ್ಮಾವತಮ್ಮ.

"ಹೆಣ್ಣು ಹೆತ್ತೋರು ನಾವು. ಗಂಡಿನ ಕಡೆಯೋರು ಹೇಳಿ ಕಳಿಸ್ಬೇಕು. ಮೇಲೆ ಬಿದ್ದು ಕೇಳಿದ್ರೆ ಮರ್ಯಾದೆ ಏನಾದ್ರೂ ಉಳೀತೈತಾ?" ಎಂದರು ಜಯರಾಮಪ್ಪ.

ಹದಿನಾರನೇ ದಿನ ಅವರೇ ಮಗಳ ಮುಂದೆ ಬಂದು ನಿಂತರು. "ಅದು ಕೈತಪ್ಪಿ ಹೋಯ್ತು ಬಿಡಮ್ಮ. ಮಡಕಶಿರದಾಗೆ ಇನ್ನೊಬ್ಬ ಹುಡುಗ ಅವ್ನೆ, ಅವರಿಗೆ ಭಾನುವಾರ ನೋಡಕ್ಕೆ ಬರಕ್ಕೆ ಹೇಳ್ತೀನಿ. ಆ ಗೇಮನ್ನ ಮಾತ್ರ ಇವತ್ತೇ ತೆಗೆದಾಕು."

ಇಂದ್ರಾಣಿ ಕಂಪ್ಯೂಟರ್ ಮುಂದೆ ಕೂತು ಅತ್ತಳು. 'ನನ್ನ ಕೈಯಾರೆ ನಾನೇ ಕಳ್ಕೊಂಡೆ... ಆ ಹಾಳು ಗೇಮನ್ನ ಆಫ್ ಮಾಡಿ ತಲೆ ತಗ್ಗಿಸಿ ನಿಂತಿದ್ರೆ ಸಾಕಾಗಿತ್ತು...'

ಅಳಿಸುವ ಮುಂಚೆ ಒಂದೇ ಒಂದು ಸಲ ತನ್ನ ಊರನ್ನು ನೋಡಿಬಿಡೋಣ ಎನಿಸಿತು. ತೆರೆದಳು. ಆಕಾಶದಲ್ಲಿ ಹೊಸ ಹಡಗೊಂದು ಬಂದು ನಿಂತಿತ್ತು. ಏಳು ಜನ. ಊರಿನಿಂದ ಮೂರು ದಿನ ಉತ್ತರ ಬರದಿದ್ದರೆ ಹಡಗು ಹಿಂದಕ್ಕೆ ಹೋಗುತ್ತದೆ, ಈ ಗೇಮಿನ ರೂಲ್ ಅದು. ಜಗಳವಿಲ್ಲ, ಗಲಾಟೆಯಿಲ್ಲ, ಸುಮ್ಮನೆ ಹೋಗಿಬಿಡುತ್ತದೆ.

ಅಲ್ಲ... ಅವನು ಬೇಡ ಅಂದನಾ? ಯಾರಾದರೂ ಅವನನ್ನು ಕೇಳಿದರಾ?

ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದಳು.

"ಅಮ್ಮ, ನಾನು ಕಲ್ಯಾಣದುರ್ಗಕ್ಕೆ ಹೋಯ್ತೀನಿ."

ಮುದ್ದೆ ತಿರುವುತ್ತಿದ್ದ ಪದ್ಮಾವತಮ್ಮನ ಕೈ ನಿಂತಿತು. "ಏನೇ, ತಲೆ ಕೆಟ್ಟೈತಾ?"

"ಬೇಡ ಅಂದ್ರೆ ಬೇಡ. ಆದ್ರೆ ಅದನ್ನ ಅವರ ಬಾಯಲ್ಲೇ ಕೇಳ್ಬೇಕಮ್ಮ. ಸುಮ್ನೆ ಕಾಯ್ತಾ ಕೂತ್ರೆ ನನಗೆ ಉಸಿರು ಕಟ್ದಂಗಾಗ್ತೈತೆ."

ಅಮ್ಮ ಮಗಳ ಊದಿದ ಕಣ್ಣು ನೋಡಿದಳು. ದನಿ ತಗ್ಗಿಸಿ ಹೇಳಿದಳು, "ಕಲ್ಯಾಣದುರ್ಗದ ಚಿಕ್ಕವ್ವನ್ನ ನೋಡ್ಕಂಡು ಬತ್ತೀವಿ ಅಂತ ನಿಮ್ಮಪ್ಪಂಗೆ ಹೇಳ್ತೀನಿ."

"ಆ ಅಜ್ಜಿ ಹೋಗಿ ಎಂಟು ವರ್ಷ ಆಯ್ತಲ್ಲಮ್ಮ!"

"ನಿಮ್ಮಪ್ಪಂಗೆ ಅದೆಲ್ಲಿ ನೆನಪಿರ್ತೈತೆ, ನಡಿಯೇ!"

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಬಸ್ ಹತ್ತಿದರು. ಧೈರ್ಯವೆಲ್ಲ ದಾರಿಯಲ್ಲಿ ಸಿಗುವ ಕಂಬದೂರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಇಂದ್ರಾಣಿಗೆ ಬರೀ ಭಯ. 'ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ್ರೆ? ನಾಚಿಕೆಗೆಟ್ಟವಳು ಅಂದ್ರೆ?' ಅಮ್ಮನ ಕೈ ಹಿಡಿದವಳು ಬಸ್ ಇಳಿಯುವವರೆಗೂ ಬಿಡಲಿಲ್ಲ.

ವಿಚಾರಿಸಿಕೊಂಡು ಹೋದ ಮನೆಯ ಜಗಲಿಯ ಮೇಲೆ ದಯಾನಂದನ ತಾಯಿ ಉಡುಸಲಮ್ಮ ಕಡಲೆಕಾಯಿ ಸುಲಿಯುತ್ತಿದ್ದರು. ಬಂದವರನ್ನು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಮೊರ ಪಕ್ಕಕ್ಕೆ ಬಿತ್ತು.

"ಲೋ ದಯಾ! ಬಂದ್ರು ಕಣ್ಲಾ! ಹಿಂದೂಪುರದೋರು ಬಂದ್ಬುಟ್ರು! ಅಯ್ಯೋ ದೇವುಡಾ... ರಾಂಡಮ್ಮಾ, ರಾಂಡಿ! ಬನ್ನಿ ತಾಯಿ, ಒಳಕ್ಕೆ ಬನ್ನಿ!"

ಇಂದ್ರಾಣಿ ಕಕ್ಕಾಬಿಕ್ಕಿಯಾದಳು. ಇದೇನು, ಬೇಡ ಅಂದವರ ಮನೆಯಲ್ಲಿ ಇಂಥ ಸ್ವಾಗತ!

ಉಡುಸಲಮ್ಮ ಪದ್ಮಾವತಮ್ಮನ ಎರಡೂ ಕೈ ಹಿಡಿದುಕೊಂಡರು. "ಹದಿನೇಳು ದಿನ ಕಣಮ್ಮ! ದಿನಾ ಮನೆ ಸಾರಿಸಿ, ರಂಗೋಲಿ ಹಾಕಿ ಕಾದಿದ್ದೇ ಕಾದಿದ್ದು! ನೀವು ಮನೆ ನೋಡಕ್ಕೇ ಬರಲಿಲ್ಲ. ನಮ್ಮ ಹುಡುಗ ಹಿಡಿಸಲಿಲ್ಲವೇನೋ ಅಂದ್ಕಂಡ್ವಿ."

"ಮನೆ ನೋಡಕ್ಕಾ?"

"ಹೂಂ ಕಣಮ್ಮ. ನಾವು ಹೆಣ್ಣು ನೋಡಿ ಬಂದ ಮೇಲೆ ಹೆಣ್ಣಿನ ಕಡೆಯೋರು ಬಂದು ಗಂಡಿನ ಮನೆ ನೋಡ್ಬೇಕು. ಬಂದ್ರೆ ಒಪ್ಪಿಗೆ, ಬರದಿದ್ರೆ ಇಲ್ಲ. ನಮ್ಮ ಕಡೆ ಅದೇ ಪದ್ಧತಿ."

"ನಮ್ಮ ಕಡೆ ಗಂಡಿನೋರು ಹೇಳಿ ಕಳಿಸ್ಬೇಕು! ಒಂದು ಮಾತು ಹೇಳಬಾರ್ದಾಗಿತ್ತಾ ತಾಯಿ?"

"ಬಾಯಿಬಿಟ್ಟು ಕರೆದ್ರೆ ಮನೆ ನೋಡಕ್ಕೆ ಬಂದಂಗಾಗ್ತೈತಾ? ತಾವಾಗೇ ಬರ್ಬೇಕು!"

ಇಬ್ಬರು ತಾಯಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮಾವತಮ್ಮ ಜಗಲಿಯ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಅತ್ತೂಬಿಟ್ಟಳು. ಹದಿನೇಳು ದಿನ ಎದೆಯ ಮೇಲಿದ್ದ ಭಾರ ಒಂದೇ ಸಲಕ್ಕೆ ಇಳಿದಿತ್ತು.

"ಹುಡುಗೀನೇ ಮನೆ ನೋಡಕ್ಕೆ ಬಂದಿದ್ದು ನಮ್ಮೂರಾಗೆ ಇದೇ ಫಸ್ಟು! ಬಾರಮ್ಮ, ಎಲ್ಲಾ ನೋಡು. ಲೋ ದಯಾ, ತೋರಿಸ್ಲಾ!" ಎಂದು ಉಡುಸಲಮ್ಮ ಹಿಂದೂಪುರಕ್ಕೆ ಫೋನ್ ಹಚ್ಚಲು ಓಡಿದರು.

ದಯಾನಂದ್ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಸೊರಗಿದ್ದ. ಇಂದ್ರಾಣಿಗೆ ಸಂಕಟವೂ ಕೋಪವೂ ಒಟ್ಟಿಗೇ ಬಂದವು.

"ನಾನು ಗೇಮ್ ಆಡಿದ್ದಕ್ಕೇ ಬೇಡ ಅಂದ್ರಿ ಅಂದ್ಕಂಡಿದ್ದೆ" ಎಂದಳು.

"ಅಯ್ಯೋ! ಅದಕ್ಕೇ ಅಲ್ಲೇನ್ರೀ ನಾನು ಒಪ್ಪಿದ್ದು! ನಲವತ್ತೆರಡು ಜನಕ್ಕೋಸ್ಕರ ಸೀರೆ ಸುಕ್ಕಾಗಿದ್ದೂ ನೋಡಲಿಲ್ಲ ನೀವು. ಅವತ್ತು ಬಸ್ಸಲ್ಲಿ ಬರ್ತಾ ದಾರಿಯುದ್ದಕ್ಕೂ ಅಮ್ಮನಿಗೆ ಅದನ್ನೇ ಹೇಳ್ದೆ."

"ನನಗೆ ಮಾತ್ರ ಹೇಳಲಿಲ್ಲ. ಒಂದು ಫೋನ್ ಮಾಡಕ್ಕಾಗಲಿಲ್ವಾ?"

"ಮಾಡ್ದೆ. ನಾಕು ಸಲ. ನಾಕು ಸಲಾನೂ ನಿಮ್ಮಪ್ಪನೇ ಎತ್ತಿದ್ರು. ಅವರ 'ಹಲೋ' ಕೇಳಿ ಭಯ ಆಗಿ ಇಟ್ಬುಟ್ಟೆ."

ಅಳು ಬರುತ್ತಿದ್ದವಳಿಗೆ ನಗು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಪದ್ಧತಿ ಏನಾದ್ರೂ ಇರ್ಲಿ. ಈಗ ಬಾಯಿಬಿಟ್ಟೇ ಹೇಳ್ತೀನಿ ಇಂದ್ರಾಣಿ. ನೀವಂದ್ರೆ ನನಗೆ ಇಷ್ಟ. ನನ್ನ ಮದ್ವೆ ಮಾಡ್ಕಳ್ತೀರಾ?"

"ಇನ್ನೊಂದ್ಸಲ ಹೇಳಿ."

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು" ಎಂದಳು ಇಂದ್ರಾಣಿ. "ಅದಕ್ಕೇ."