ಶಂಖ ಊದಿದ ಮೇಲೆ

ಎರಡನೇ ಶಂಖವೂ ಊದಿಯಾಗಿತ್ತು. ಆದರೂ ಮೊಯೆಲಾಂಗಿ ರಸ್ತೆ ಮೇಲಿದ್ದಳು!

ನಮ್ಮ ಸಾಮೋವಾದ ಹಳ್ಳಿಗಳಲ್ಲಿ ಸಂಜೆ ಮೊದಲ ಶಂಖಕ್ಕೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಮನೆಮನೆಯಲ್ಲೂ ಪ್ರಾರ್ಥನೆ ಶುರು. ಮೂರನೆಯದು ಊದುವ ತನಕ ಬೀದಿಯಲ್ಲಿ ನರಪಿಳ್ಳೆ ಕಾಣಬಾರದು. ವೈಸಿನಾ ಊರಿನ ಕಥೆಯಂತೂ ಕೇಳಲೇಬೇಡಿ. ಅಲ್ಲಿ ಹಿರಿಯರು ದೊಣ್ಣೆ ಹಿಡಿದು ರಸ್ತೆ ಬದಿ ಕೂತಿರುತ್ತಾರೆ, ಬಸ್ಸು ಬಂದರೂ ನಿಲ್ಲಿಸುತ್ತಾರೆ.

ಅಂಥ ಊರಲ್ಲಿ, ಅಂಥ ಹೊತ್ತಲ್ಲಿ ಚರ್ಚಿನ ಹಿರಿಯ ಸಾಕಾರಿಯಾನ ಮಗಳು ಮೊಯೆಲಾಂಗಿ ಪ್ರಾರ್ಥನೆಯ ಮಧ್ಯೆ ಎದ್ದು ಹಿತ್ತಲಿಂದ ಓಡಿ ಬಂದಿದ್ದಳು. ಎದೆ ಬಿಗಿದಿತ್ತು. ಕೈ ಮರಗಟ್ಟಿತ್ತು. ಸಮುದ್ರದ ಗಾಳಿಗೆ ಹೋದರೆ ಉಸಿರು ಸಿಕ್ಕೀತು ಅಂದುಕೊಂಡವಳು ಅಲ್ಲಿಯವರೆಗೂ ಹೋಗಲಾಗದೆ ರಸ್ತೆಯಲ್ಲೇ ಕುಸಿದಳು.

'ಇವತ್ತು ನಾನು ಸಾಯ್ತೀನಿ... ಇಲ್ಲೇ, ಎಲ್ಲರ ಕಣ್ಣೆದುರಿಗೇ ಸಾಯ್ತೀನಿ.'

ದೂರದಿಂದ ಒಬ್ಬ ಹಿರಿಯ ದೊಣ್ಣೆ ಎತ್ತಿ ಗದರಿದ. ಯಾರೂ ಹತ್ತಿರ ಬರಲಿಲ್ಲ. ಬಂದರೆ ಅವರಿಗೂ ದಂಡ ತಾನೇ?

ಬಂದದ್ದು ಒಬ್ಬನೇ. ಊರ ಪಾದ್ರಿ ಅಯ್ಯನೋರ ಮನೆಗೆ ಅತಿಥಿಯಾಗಿ ಬಂದಿದ್ದ ಅಪೇಲು. ಪಾದ್ರಿ ಓದಿನ ಕೊನೇ ವರ್ಷದವನು, ಮರುದಿನ ಚರ್ಚಿನಲ್ಲಿ ಪ್ರಸಂಗ ಅವನದ್ದೇ. ಜಗುಲಿ ಇಳಿದು ಬಂದವನು ಅವಳನ್ನು ಮುಟ್ಟಲಿಲ್ಲ. ಒಂದು ಮೊಳ ದೂರದಲ್ಲಿ, ನಡುರಸ್ತೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಇವತ್ತು ನಿಮ್ಮನೇಲಿ ಏನಡಿಗೆ?"

ಅವಳಿಗೆ ರೇಗಿ ಹೋಯಿತು. ಪ್ರಾಣ ಹೋಗ್ತಿದೆ, ಈ ಮಹಾನುಭಾವನಿಗೆ ಅಡುಗೆ ಚಿಂತೆ...

"ಕೆಸುವಿನ... ಗೆಡ್ಡೆ."

"ಬರೀ ಗೆಡ್ಡೇನಾ? ನೆಂಚಿಕೊಳ್ಳೋಕೆ?"

"ಕೆಸುವಿನೆಲೆ... ತೆಂಗಿನ ಹಾಲಲ್ಲಿ..."

"ಉಪ್ಪು ಸರಿಯಾಗಿತ್ತಾ?"

"ಇನ್ನೂ ಯಾರು ತಿಂದಿದ್ದಾರೆ? ನಿಮಗ್ಯಾಕ್ರೀ ನಮ್ಮನೆ ಉಪ್ಪಿನ ವಿಚಾರ?"

ಬೈಯುವಷ್ಟು ಉಸಿರು ಬಂದಿತ್ತು. ಅದು ಅವಳಿಗೆ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಾಗಿ ನಕ್ಕ. ತನ್ನ ತಮ್ಮನಿಗೂ ಹೀಗೇ ಆಗುತ್ತಿತ್ತು, ಸಾಯ್ತೀನಿ ಅನ್ನಿಸುತ್ತೆ, ಆದರೆ ಸಾಯಲ್ಲ, ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತೆ ಅಂದ. ಮೂರನೇ ಶಂಖ ಊದುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.

ಮರುದಿನ ಹಿರಿಯರು ಇಬ್ಬರಿಗೂ ಒಂದೊಂದು ಪೆಟ್ಟಿಗೆ ಡಬ್ಬಿ ಮೀನು ದಂಡ ಹಾಕಿದರು. ಪ್ರಸಂಗ ಮಾಡೋಕೆ ಮುಂಚೆನೇ ದಂಡ ತೆತ್ತ ಪಾದ್ರಿ ಇವನೊಬ್ಬನೇ ಅಂತ ಊರೆಲ್ಲ ಆಡಿಕೊಂಡು ನಕ್ಕಿತು. ಅಪೇಲು ಎರಡೂ ಪೆಟ್ಟಿಗೆ ತಾನೇ ಹೊತ್ತು ತಂದು ಕೊಟ್ಟ.

ಅಲ್ಲಿಂದಾಚೆಗೆ ಯಾವ ನೆಪ ಸಿಕ್ಕರೂ ಅವನು ವೈಸಿನಾಕ್ಕೆ ಹಾಜರು. ಅವಳೂ ಅಷ್ಟೆ, ಶನಿವಾರ ಬಂತೆಂದರೆ ಕಿವಿ ಬಸ್ಸಿನ ಸದ್ದಿನ ಕಡೆಗೇ!

ತನ್ನ ತಾಯಿಯ ವಿಷಯ ಅವಳು ಅವನಿಗೆ ಹೇಳಿದ್ದು ಒಂದು ಮಧ್ಯಾಹ್ನ, ದೀವಿ ಹಲಸಿನ ಮರದ ಕೆಳಗೆ. ಮೊಯೆಲಾಂಗಿಗೆ ಆಗ ಹದಿಮೂರು. ಸಂಜೆ ಪ್ರಾರ್ಥನೆಯಲ್ಲಿ ಹಾಡುತ್ತಿದ್ದ ಅಮ್ಮ ಚಾಪೆಯ ಮೇಲೆ ಪಕ್ಕಕ್ಕೆ ವಾಲಿದಳು. ಇವಳು ಏಳಹೋದಳು. ಅಪ್ಪ ಕೈಯೆತ್ತಿ ತಡೆದು, "ಹಾಡು ಮುಗೀಲಿ," ಅಂದ. ಕರ್ತನ ಸನ್ನಿಧಿಯಲ್ಲಿ ಮಧ್ಯೆ ಏಳಬಾರದು ಅನ್ನುವುದು ಅವನ ರಕ್ತದಲ್ಲೇ ಇತ್ತು, ಬಿಸಿಲಿಗೆ ತಲೆ ಸುತ್ತಿರಬೇಕು ಅಂತ ಬೇರೆ ಅಂದುಕೊಂಡ. ಹಾಡು ಮುಗಿಯಿತು. ಅಮ್ಮನೂ ಮುಗಿದಿದ್ದಳು.

ಎದ್ದಿದ್ದರೂ ಉಳಿಯುತ್ತಿರಲಿಲ್ಲ ಅಂದರಂತೆ ಡಾಕ್ಟರು. ಹದಿಮೂರರ ಹುಡುಗಿಗೆ ಆ ಮಾತು ಯಾವ ಸಮಾಧಾನ ಕೊಟ್ಟೀತು? ಅಪ್ಪ ಆಮೇಲೆ ಆ ಸಂಜೆಯ ಬಗ್ಗೆ ಬಾಯಿ ಬಿಡಲೇ ಇಲ್ಲ. ಮಗಳಿಗೆ ಹಾಡು ಶುರುವಾದರೆ ಸಾಕು, ಎದೆ ಬಿಗಿಯತೊಡಗಿತು. ಆಪಿಯಾ ಪಟ್ಟಣದ ಡಾಕ್ಟರು ಅದು ಮನಸ್ಸಿನ ಕಾಯಿಲೆ, ನಾಚಿಕೆಪಡುವಂಥದ್ದಲ್ಲ ಅಂತ ಹೇಳಿ ಗುಳಿಗೆ ಕೊಟ್ಟಿದ್ದರು, ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಸೋದರತ್ತೆ ತೆಲೇಸಿಯಾ ಮಾತ್ರ ಬಂದವರಿಗೆಲ್ಲ ಅದು ವಿಟಮಿನ್ ಮಾತ್ರೆ ಅಂತಲೇ ಹೇಳುತ್ತಿದ್ದಳು.

ಅಪೇಲು ಎಲ್ಲಾ ಕೇಳಿಸಿಕೊಂಡ. ಬುದ್ಧಿ ಹೇಳಲಿಲ್ಲ. ಅವಳಿಗೆ ಅವನ ಮೇಲೆ ಜೀವ ಹೋಗುವಷ್ಟು ಪ್ರೀತಿ ಬಂದದ್ದು ಆಗಲೇ.

ಆದರೆ ಪ್ರೀತಿ ಅಂದಮೇಲೆ ಸುಮ್ಮನೆ ಬರುತ್ತದೆಯೇ? ನಮ್ಮಲ್ಲಿ ಮದುವೆಯಾಗದವನನ್ನು ಯಾವ ಊರೂ ಪಾದ್ರಿಯಾಗಿ ಕರೆಯುವುದಿಲ್ಲ. ಊರಿನವರು ಗಂಡನನ್ನು ಎಷ್ಟು ನೋಡುತ್ತಾರೋ ಹೆಂಡತಿಯನ್ನು ಅದರ ಎರಡರಷ್ಟು ನೋಡುತ್ತಾರೆ. ಅಪೇಲು ಅವಳನ್ನು ಮದುವೆಗೆ ಕೇಳಿದ. ಅವಳು ಯೋಚಿಸೋಕೆ ಸಮಯ ಬೇಕು ಅಂದಳು.

ಆ ಸಂಜೆ ಅತ್ತೆ ಬೀಸಣಿಗೆ ಹೆಣೆಯುತ್ತಾ ತಲೆಯೆತ್ತದೆ ಅಂದಳು, "ಅಯ್ಯನೋರ ಹೆಂಡತಿ ಅಂದ್ರೆ ಸುಮ್ನೇನಾ, ಮೊಯೆ? ಬಿಳಿ ಟೋಪಿ ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂರಬೇಕು. ದಿನಾ ಸಂಜೆ ನೀನೇ ಹಾಡು ಎತ್ತಬೇಕು. ನಡುವೆ ಎದ್ದು ಓಡಿದ್ರೆ ಆ ಹುಡುಗನ್ನ ಯಾವ ಊರು ಇಟ್ಟುಕೊಳ್ಳುತ್ತೆ ಹೇಳು?"

ಅತ್ತೆ ಕೆಟ್ಟವಳಲ್ಲ. ತಾಯಿಲ್ಲದ ಮಗುವನ್ನು ಎದೆಗೊತ್ತಿ ಸಾಕಿದವಳು. ಅದಕ್ಕೇ ಆ ಮಾತು ಅಷ್ಟು ಆಳಕ್ಕೆ ನಾಟಿತು.

ಮೊಯೆಲಾಂಗಿ ಊರ ಪಾದ್ರಿಯ ಹೆಂಡತಿ ಅಮ್ಮನೋರ ಹತ್ತಿರ ಹೋಗಿ ಅತ್ತಳು. ಅವರು ತಲೆ ಸವರಿ, ಉಪವಾಸವಿದ್ದು ಪ್ರಾರ್ಥಿಸು, ಕರ್ತನು ಕೈಬಿಡುವುದಿಲ್ಲ ಅಂದರು. ಗುಳಿಗೆ ಬಿಡು ಅಂತ ಅವರೇನೂ ಹೇಳಿರಲಿಲ್ಲ. ಅದನ್ನು ಇವಳೇ ಸೇರಿಸಿಕೊಂಡಳು. ಗುಳಿಗೆ ನುಂಗುತ್ತಾ ದೇವರನ್ನು ನಂಬುತ್ತೇನೆ ಅಂದರೆ ಅದೆಂಥ ನಂಬಿಕೆ ಅನ್ನಿಸಿತು. ಊಟವನ್ನೂ ಬಿಟ್ಟಳು, ಗುಳಿಗೆಯನ್ನೂ ಬಿಟ್ಟಳು.

ಆಗಬಾರದ್ದೇ ಆಯಿತು. ನಿದ್ದೆ ಹಾರಿಹೋಯಿತು. ಶಂಖಕ್ಕೆ ಎಷ್ಟೋ ಮುಂಚೆಯೇ ಮೈ ನಡುಗತೊಡಗಿತು.

'ನನ್ನ ಪ್ರಾರ್ಥನೆ ದೇವರಿಗೆ ಬೇಡ. ಅದಕ್ಕೇ ಬಾಯಿ ತೆರೆದರೆ ಉಸಿರು ಕಟ್ಟಿಸ್ತಾನೆ. ಇಂಥವಳು ಅಪೇಲುವಿನ ಬದುಕು ಯಾಕೆ ಹಾಳುಮಾಡಲಿ...'

ಅವನು ಬಂದಾಗ ಮುಖ ಕೊಡದೆ ಸುಳ್ಳು ಹೇಳಿದಳು. ಆಕ್ಲೆಂಡಿನ ಅಣ್ಣ ಕರೆಸಿಕೊಳ್ಳುತ್ತಿದ್ದಾನೆ, ಅಲ್ಲೇ ಕೆಲಸ ನೋಡಿಕೊಳ್ಳುತ್ತೇನೆ, ಹಳ್ಳಿ ಪಾದ್ರಿಯ ಹೆಂಡತಿಯಾಗಿ ಚಾಪೆ ಹೆಣೆಯುತ್ತಾ ಕೂರೋಕೆ ನನಗೆ ಇಷ್ಟವಿಲ್ಲ ಅಂತ.

ಅಪೇಲುವಿನ ಮುಖ ಕಪ್ಪಿಟ್ಟಿತು.

"ಇಷ್ಟ ಇಲ್ಲದೇ ಇರೋದು ಊರಾ, ನಾನಾ?"

"ಎರಡೂ."

ಅವನು ಹೊರಟುಹೋದ. ಬಸ್ಸು ತಿರುವು ದಾಟಿದ ಮೇಲೆ ಅವಳು ಚಾಪೆಗೆ ಮುಖ ಒತ್ತಿ ಅತ್ತಳು, ಅತ್ತೆಗೆ ಕೇಳಿಸದ ಹಾಗೆ.

ಕಥೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಆ ಹೊತ್ತಿಗೆ ಫಲೇತಾಯಿ ಅನ್ನುವ ಊರು ಪಾದ್ರಿಯನ್ನು ಹುಡುಕುತ್ತಿತ್ತು. ಅವರ ಮುಖಂಡ ಸಾಪೋಲು ಮಾತಿನ ಮಲ್ಲ, ಹೆಗಲ ಮೇಲೆ ಮುಖಂಡತನದ ಗುರುತಾದ ನಾರಿನ ಚವರಿ ಹಾಕಿಕೊಂಡು ನಿಂತರೆ ಎದುರಿನವರ ಬಾಯಿ ಬಂದ್. ಅಪೇಲು ಸಾಕಾರಿಯಾನ ಅಳಿಯನಾಗುತ್ತಾನೆ ಅನ್ನುವ ಹಳೇ ಸುದ್ದಿ ನಂಬಿಕೊಂಡು, ಅವನು ವೈಸಿನಾದಲ್ಲಿ ಪ್ರಸಂಗ ಮಾಡುವ ಭಾನುವಾರವೇ ಸಾಪೋಲು ಹೆಂಡತಿ ಸಮೇತ ಊರಿನವರನ್ನು ಕಟ್ಟಿಕೊಂಡು ನೇರ ಸಾಕಾರಿಯಾನ ಮನೆಗೇ ಬಂದ. ಅಪೇಲುವನ್ನೂ ಅಲ್ಲಿಗೇ ಕರೆಸಿದರು. ಬಂದ ದೊಡ್ಡವರ ಎದುರು ಮದುವೆ ಮುರಿದಿದೆ ಅಂತ ಹೇಳುವ ಧೈರ್ಯ ಯಾರಿಗಿದೆ? ಸಾಕಾರಿಯಾ ಕೆಮ್ಮಿದ. ಅತ್ತೆ ಎಳನೀರು ತಂದಳು.

ಕುಶಲ ಸಮಾಚಾರ ಮುಗಿಯುವಷ್ಟರಲ್ಲಿ ಮೊದಲ ಶಂಖ ಮೊಳಗಿತು!

ನಮ್ಮ ಕಡೆಯ ಮನೆಗಳಿಗೆ ಗೋಡೆಯಿಲ್ಲ, ಸುತ್ತ ಕಂಬಗಳಷ್ಟೇ. ಓಡಬೇಕೆಂದರೆ ಎಲ್ಲಾ ಕಡೆಯೂ ದಾರಿ. ಆದರೂ ಮೊಯೆಲಾಂಗಿಗೆ ದಾರಿಯಿರಲಿಲ್ಲ. ಸಾಪೋಲುವಿನ ಹೆಂಡತಿ ಅವಳ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಎದುರಿಗೆ ಅಪೇಲು, ಪ್ರಾರ್ಥನೆ ನಡೆಸುವವನು. ಅವನು ಇವಳತ್ತ ನೋಡಲೇ ಇಲ್ಲ.

'ನನ್ನನ್ನು ಮದುವೆ ಆಗದಿದ್ದರೂ ಪರವಾಗಿಲ್ಲ, ಈ ಊರು ಅವನಿಗೆ ಸಿಗಬೇಕು. ಮೂರನೇ ಶಂಖದವರೆಗೆ ಕೂತಿರ್ತೀನಿ. ಸತ್ತರೂ ಸರಿ.'

ಎರಡನೇ ಶಂಖ ಮೊಳಗಿತು. ಅಪ್ಪ ಹಾಡು ಎತ್ತಿದ.

ಮೊದಲ ಸಾಲಿಗೇ ಕೈ ತಣ್ಣಗಾಯಿತು. ಉಗುರು ಅಂಗೈಗೆ ಚುಚ್ಚಿಕೊಂಡು ಹಾಡಿದಳು. ಎರಡನೇ ಚರಣಕ್ಕೆ ಧ್ವನಿ ನಿಂತು ಬರೀ ತುಟಿ ಆಡುತ್ತಿತ್ತು. ಕಂಬಗಳು ವಾಲಿದವು. ಅಮ್ಮ ವಾಲಿದ್ದು ಇದೇ ಚಾಪೆ, ಇದೇ ಕಡೆ...

"ನಿಲ್ಲಿಸಿ."

ಅಪೇಲು ಎದ್ದು ನಿಂತಿದ್ದ. ಒಬ್ಬೊಬ್ಬರ ದನಿಯೂ ನಿಂತಿತು. ಸಾಪೋಲು ಹುಬ್ಬು ಗಂಟಿಕ್ಕಿದ. ಹಿರಿಯ ಸಾಕಾರಿಯಾ ಮಾತ್ರ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ, ಒಬ್ಬನೇ. ಕಣ್ಣು ಬಿಟ್ಟರೆ ಏನು ಕಾಣುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ಅಪೇಲು ಅಷ್ಟೂ ಜನರ ನಡುವೆ ನಡೆದು ಬಂದು ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತ.

"ಮೊಯೆ... ಇವತ್ತು ಏನಡಿಗೆ?"

ಅವಳ ಕಣ್ಣಲ್ಲಿ ಧಾರಾಕಾರ ನೀರು. 'ಹೋಗು, ನಿನ್ನ ಜಾಗಕ್ಕೆ ಹೋಗು' ಅಂತ ಹೇಳಲು ನೋಡಿದಳು.

ಆಗ ಅಪ್ಪನ ಹಾಡು ಅರ್ಧಕ್ಕೆ ಮುರಿಯಿತು. ಆ ಮುದುಕ ಮೊಣಕಾಲೂರಿ ಚಾಪೆಯ ಮೇಲೆ ತೆವಳಿಕೊಂಡೇ ಬಂದ. ಮಗಳ ಪಾದ ಹಿಡಿದುಕೊಂಡ.

"ಅವತ್ತು ನಾನು ಏಳಬೇಕಿತ್ತು ಮಗಳೇ. ಹಾಡು ಮುಗೀಲಿ ಅಂದೆ... ನಾನೇ ಅಂದೆ."

ಎಷ್ಟು ವರ್ಷ ಕಾದಿದ್ದಳು ಈ ಒಂದು ಮಾತಿಗೆ! ಅವಳು ಅಪ್ಪನ ತಲೆ ಮೇಲೆ ಹಣೆಯಿಟ್ಟು ಬಿಕ್ಕಿದಳು. ಅಳುವಿನ ಜೊತೆಗೇ ಉಸಿರೂ ಬಂತು, ಮೊದಲು ಚೂರುಚೂರಾಗಿ, ಆಮೇಲೆ ತುಂಬಿಕೊಂಡು.

ತಲೆಯೆತ್ತಿದಾಗ ಎಲ್ಲರೂ ನೋಡುತ್ತಿದ್ದರು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು?

"ನನಗೆ ಕಾಯಿಲೆ ಇದೆ," ಅಂದಳು ಸಾಪೋಲುವಿಗೆ. "ಆಪಿಯಾದಲ್ಲಿ ಡಾಕ್ಟರಿಗೆ ತೋರಿಸ್ತೀನಿ. ಗುಳಿಗೆ ಬಿಟ್ಟಿದ್ದು ನನ್ನ ತಪ್ಪು, ನಾಳೆಯಿಂದ ಮತ್ತೆ ತಗೋತೀನಿ. ಅದು ವಿಟಮಿನ್ ಅಲ್ಲ. ಆಕ್ಲೆಂಡಿಗೆ ಹೋಗೋದೂ ಸುಳ್ಳು. ಇವರಿಗೆ ಊರು ತಪ್ಪಬಾರದು ಅಂತ ಹಾಗಂದೆ."

ಅತ್ತೆ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ಅಪೇಲು ಮೊಯೆಲಾಂಗಿಯನ್ನೇ ನೋಡುತ್ತಿದ್ದ, ಈಗಷ್ಟೇ ಕಣ್ಣು ಬಂದವನ ಹಾಗೆ.

ಸಾಪೋಲು ಚವರಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡು ಕೇಳಿದ. ಪ್ರಾರ್ಥನೆಯನ್ನು ನಡುವೆ ನಿಲ್ಲಿಸುವ ಪಾದ್ರಿಯನ್ನು ತಮ್ಮ ಊರು ಕಂಡಿಲ್ಲ, ಇದಕ್ಕೇನು ಹೇಳುತ್ತೀಯಪ್ಪಾ ಅಂತ.

"ಕುರಿ ಗುಂಡಿಗೆ ಬಿದ್ದಾಗ ಹಾಡು ಮುಗೀಲಿ ಅಂತ ಕಾಯೋ ಕುರುಬ ನಾನಾಗಲಾರೆ, ದೊಡ್ಡವರೇ," ಅಂದ ಅಪೇಲು. "ನಾಳೆ ನಿಮ್ಮೂರಲ್ಲೂ ನಿಲ್ಲಿಸ್ತೀನಿ. ಅದು ಬೇಡ ಅಂದ್ರೆ ನಾನೂ ಬೇಡ."

ಮೂರನೇ ಶಂಖ ಮೊಳಗಿತು. ಸಾಪೋಲು ಎದ್ದು, ಊರಲ್ಲಿ ಕೂತು ಮಾತಾಡಿ ತಿಳಿಸುತ್ತೇವೆ ಅಂದ. ಹಾಗಂದರೆ ಏನು ಅಂತ ಎಲ್ಲರಿಗೂ ಗೊತ್ತು. ಊಟಕ್ಕೂ ನಿಲ್ಲದೆ ಹೊರಟರು.

ಅವನ ಹೆಂಡತಿ ಮಾತ್ರ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದಳು. ಮೊಯೆಲಾಂಗಿಯ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಆ ಡಾಕ್ಟರು ಯಾವ ದಿನ ಸಿಗ್ತಾರಮ್ಮಾ? ನಮ್ಮ ಹಿರೀ ಮಗ ಚರ್ಚಿಗೆ ಬರಲ್ಲ, ಮನೆ ಬಿಟ್ಟೇ ಬರಲ್ಲ. ಸೋಮಾರಿ ಅಂತ ಅವರಪ್ಪ ದಿನಾ ಬೈತಾರೆ."

ಮೊಯೆಲಾಂಗಿ ದಿನ ಹೇಳಿದಳು, ಬೇಕಾದರೆ ತಾನೇ ಜೊತೆಗೆ ಬರುತ್ತೇನೆ ಅಂದಳು. ಆ ಹೆಂಗಸು ಅವಳ ಕೆನ್ನೆ ಮುಟ್ಟಿ ಲಗುಬಗೆಯಲ್ಲಿ ಗಂಡನ ಹಿಂದೆ ಹೋದಳು.

ಅಪೇಲು ಅಂಗಳದಲ್ಲಿ ನಿಂತಿದ್ದ. ಅವಳು ಹತ್ತಿರ ಹೋದಳು, ತಲೆ ತಗ್ಗಿಸಿಯೇ.

"ಊರು ತಪ್ಪಿತು. ನನ್ನಿಂದ."

"ಊರು ಇನ್ನೊಂದು ಸಿಗುತ್ತೆ. ನಿನ್ನಂಥ ಇನ್ನೊಬ್ಬಳು ಎಲ್ಲಿ ಸಿಗ್ತಾಳೆ?" ಅವನ ದನಿ ಒಡೆಯಿತು. "ಎರಡೂ ಇಷ್ಟ ಇಲ್ಲ ಅಂದೆಯಲ್ಲ, ಮೊಯೆ... ಅದನ್ನ ನಿಜ ಅಂತ ನಂಬಿದ ನಾನೊಬ್ಬ ದಡ್ಡ."

"ಎರಡೂ ಇಷ್ಟ ಇತ್ತು. ಅದಕ್ಕೇ ಹಾಗಂದೆ." ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು. "ಯೋಚಿಸೋಕೆ ಸಮಯ ಕೇಳಿದ್ದೆನಲ್ಲ. ಯೋಚಿಸಿ ಆಯ್ತು. ನಿಮ್ಮನ್ನೇ ಮದುವೆ ಆಗ್ತೀನಿ. ಆದ್ರೆ ನಾಳೆ ಶಂಖ ಊದಿದಾಗ ಮತ್ತೆ ಹೀಗೇ ಆದ್ರೆ?"

"ನಾಳೆನೂ ಎದ್ದು ಬರ್ತೀನಿ."

"ನಾಡಿದ್ದು?"

"ನಾಡಿದ್ದೂ ಬರ್ತೀನಿ. ಈಗಾದರೂ ಹೇಳೇ, ಏನಡಿಗೆ? ಬೆಳಗ್ಗೆಯಿಂದ ಹಸಿದಿದ್ದೀನಿ."

ಉಪವಾಸ ಹಿಡಿದ ಮೇಲೆ ಅವಳಿಗೂ ಇವತ್ತೇ ಮೊದಲು ಹಸಿವಾಗಿದ್ದು.

"ಕೆಸುವಿನೆಲೆ, ತೆಂಗಿನ ಹಾಲಲ್ಲಿ," ಅಂದಳು. "ಬನ್ನಿ, ಉಪ್ಪು ಸರಿಯಾಗಿದೆಯಾ ನೀವೇ ನೋಡಿ."